ಕೈ ಬಿಡದ ಬ್ಯಾಟು

"ನೋಡ್ತಾ ಇರು! ಈ ಸಲ ಕಪ್ ಇಲ್ಲದೆ ಈ ಹೊಸ್ತಿಲು ತುಳಿದ್ರೆ ಕೇಳು!"

ಭಾನುವಾರ ಬೆಳಿಗ್ಗೆ, ಹಲ್ಲುಜ್ಜುವ ಬ್ರಷ್ಷನ್ನೇ ಬ್ಯಾಟಿನಂತೆ ಬೀಸುತ್ತಾ ನಮ್ಮ ಕನ್ನಡಕದಂಗಡಿಯವರು ಘೋಷಿಸಿದರು. ನೊರೆ ಹಾರಿ ಕನ್ನಡಿಯ ಮೇಲೆ ಬಿತ್ತು. ಅವರ ಹೆಂಡತಿ ಮಕ್ಕಳ ಕ್ಲಿನಿಕ್ಕಿನಲ್ಲಿ ನರ್ಸು. ಅಲ್ಲಿ ದಿನವಿಡೀ ಕಿರುಚುವವರನ್ನೇ ನೋಡುವುದರಿಂದ, ಮನೆಯಲ್ಲಿ ಒಬ್ಬರು ಕಿರುಚಿದರೆ ಅವರು ತಲೆ ಕೆಡಿಸಿಕೊಳ್ಳುವವರಲ್ಲ.

"ಕಪ್ ಯಾರಿಗೆ ಬೇಕ್ರೀ? ಇರೋ ಕಪ್ಪುಗಳಿಗೇ ಇಲ್ಲಿ ಹಿಡಿಕೆ ಇಲ್ಲ. ಆಟ ಮುಗಿದ ಮೇಲೆ ಅಣ್ಣನ ಕೈ ಕುಲುಕಿ, ಊಟಕ್ಕೆ ಕರ್ಕೊಂಡು ಬನ್ನಿ. ನಂಗೆ ಅಷ್ಟೇ ಸಾಕು."

ಕನ್ನಡಕದವರು ಗಳಗಳನೆ ಬಾಯಿ ಮುಕ್ಕಳಿಸತೊಡಗಿದರು.

ಸಂಗತಿ ಏನೆಂದರೆ, ಊರಿನ ಟೇಬಲ್ ಟೆನಿಸ್ ಕ್ಲಬ್ಬಿನ ಫೈನಲ್ಲಿನಲ್ಲಿ ಅವರ ಎದುರಾಳಿ ಬೇರೆ ಯಾರೂ ಅಲ್ಲ, ಹೆಂಡತಿಯ ಸ್ವಂತ ಅಣ್ಣ. ಲಿಫ್ಟ್ ರಿಪೇರಿ ಮಾಡುವ ಈ ಭಾವ ಮಾತು ಕಡಿಮೆಯ, ತಾಳ್ಮೆ ಜಾಸ್ತಿಯ ಆಸಾಮಿ. ಹೋದ ವರ್ಷದ ಫೈನಲ್ಲೂ ಇವರಿಬ್ಬರದೇ. ಕೊನೆಯ ಪಾಯಿಂಟಿನಲ್ಲಿ ಭಾವ ಹೊಡೆದ ಚೆಂಡು ಟೇಬಲ್ಲಿನ ಅಂಚನ್ನು ಸವರಿ ಕೆಳಗೆ ಬಿತ್ತು. ಹಾಗೆ ಅದೃಷ್ಟದಿಂದ ಪಾಯಿಂಟ್ ಬಂದರೆ ಕೈಯೆತ್ತಿ 'ತಪ್ಪಾಯ್ತು' ಎನ್ನುವುದು ಈ ಆಟದ ಮರ್ಯಾದೆ. ಭಾವ ಕೈಯೆತ್ತಿದರು. ಕನ್ನಡಕದವರಿಗೆ ಅದು ಟಾಟಾ ಮಾಡಿದಂತೆ ಕಂಡಿತು! ಕೈ ಕುಲುಕದೆ, ಬ್ಯಾಗು ಹೆಗಲಿಗೇರಿಸಿ ದುಡುದುಡು ಮೆಟ್ಟಿಲಿಳಿದುಬಿಟ್ಟರು.

ಅಂದಿನಿಂದ ಭಾವ ತಂಗಿಯ ಮನೆಗೆ ಕಾಲಿಟ್ಟಿರಲಿಲ್ಲ. ಈಚೆಗೆ ಕನ್ನಡಕದವರ ಮನೆಯಿರುವ ಕಟ್ಟಡದ ಲಿಫ್ಟು ಕೆಟ್ಟಾಗ ಅದನ್ನು ರಿಪೇರಿ ಮಾಡಲು ಬಂದವರು ಇದೇ ಭಾವ. ಬೆಳಗಿನಿಂದ ಸಂಜೆಯ ತನಕ ತಂಗಿಯ ಬಾಗಿಲ ಮುಂದೆ ಮೇಲೆ ಹೋದರು, ಕೆಳಗೆ ಬಂದರು, ಬೆಲ್ ಮಾತ್ರ ಒತ್ತಲಿಲ್ಲ. ತಂಗಿ ಬಾಗಿಲ ಸಂದಿಯಿಂದ ನೋಡಿ ಕಣ್ಣೊರೆಸಿಕೊಂಡಿದ್ದನ್ನು ಕನ್ನಡಕದವರೂ ನೋಡಿದ್ದರು. ನಮ್ಮವರು ಬಾಯಿ ಜೋರಿನವರೇ ಹೊರತು ಕಲ್ಲೆದೆಯವರಲ್ಲ. ಅಂದು ರಾತ್ರಿ ಊಟ ಸೇರಲಿಲ್ಲ. ಆದರೆ ತಪ್ಪಾಯ್ತು ಎನ್ನಲು ಮೀಸೆ ಅಡ್ಡ ಬಂತು.

"ಆಯ್ತು ಕಣೇ, ಕುಲುಕ್ತೀನಿ. ಮೊದಲು ಸೋಲಿಸ್ತೀನಿ, ಆಮೇಲೆ ಕುಲುಕ್ತೀನಿ."

"ಕೊಟ್ಟ ಮಾತು ನೆನಪಿರ್ಲಿ. ಕೈ ಕೊಡದೆ ಬಂದ್ರೆ ಬಾಗಿಲು ತೆಗೆಯೋಲ್ಲ!"

ಹೀಗೆ ಮನೆಯ ಶಾಂತಿ ಒಂದು ಬಲಗೈ ಮೇಲೆ ನಿಂತಿತು. ಇನ್ನು ಆ ಬಲಗೈಯ ಕಥೆ ಕೇಳಿ.

ತಿಂಡಿಗೆ ಮುಂಚೆ ಬ್ಯಾಟನ್ನು ಪರೀಕ್ಷಿಸಿದಾಗ ಅದರ ಕೆಂಪು ರಬ್ಬರು ಹಿಡಿಯ ಹತ್ತಿರ ಎದ್ದು ಬಂದಿತ್ತು. ಬುದ್ಧಿ ಇರುವವರು ಬ್ಯಾಟಿಗೆಂದೇ ಬರುವ ಅಂಟು ಹಚ್ಚಿ, ಒಣಗಲು ಬಿಟ್ಟು, ಸುಮ್ಮನೆ ಕೂರುತ್ತಾರೆ. ಆದರೆ ಅಂಗಡಿಯಲ್ಲಿ ಮುರಿದ ಫ್ರೇಮುಗಳನ್ನು ಕಣ್ಣು ಮಿಟುಕಿಸುವುದರೊಳಗೆ ಕೂಡಿಸುವ ಮಹಾನುಭಾವರಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಫ್ರೇಮಿಗೆ ಹಾಕುವ ಆ ಅಂಟಿನ ಟ್ಯೂಬನ್ನೇ ತಂದರು. ಫ್ರೇಮಿಗಾದರೆ ಸೂಜಿಮೊನೆಯಷ್ಟು ಸಾಕು. ಇದು ಫೈನಲ್ಲಲ್ಲವೇ? ಅರ್ಧ ಟ್ಯೂಬ್ ಸುರಿದರು! ರಬ್ಬರು ಒತ್ತಿದರು. ಕೂತಿತು! ಕೂತ ಖುಷಿಗೆ ಬ್ಯಾಟು ಹಿಡಿದು ಕನ್ನಡಿ ಮುಂದೆ ನಿಂತರು. ಬಲಗಾಲು ಹಿಂದೆ, ಎದೆ ಮುಂದೆ, ತುಟಿಯಲ್ಲೊಂದು ವಿಜಯದ ನಗೆ. ಕಪ್ ಎತ್ತಿ ಹಿಡಿಯುವಾಗ ಯಾವ ಕಡೆಯಿಂದ ಫೋಟೋ ಚೆನ್ನಾಗಿ ಬರಬಹುದೆಂದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿ ನೋಡಿಕೊಂಡರು.

ಅತ್ತ ರಬ್ಬರಿನ ಕೆಳಗಿನಿಂದ ಜಿನುಗಿದ ಅಂಟು ಹಿಡಿಗುಂಟ ಇಳಿದು, ಅಂಗೈ ತುಂಬ ಹರಡಿ, ತನ್ನ ಕೆಲಸ ತಾನು ಮುಗಿಸಿತ್ತು.

ಬ್ಯಾಟು ಕೆಳಗಿಡಲು ಹೋದರು, ಇಡಲಾಗಲಿಲ್ಲ. ಕೊಡವಿದರು. ಎಡಗೈಯಲ್ಲಿ ಹಿಡಿದು ಎಳೆದರು. ಪ್ರಾಣ ಹೋದಂತಾಯಿತೇ ಹೊರತು ಬ್ಯಾಟು ಹೋಗಲಿಲ್ಲ!

"ಲೇ... ಸ್ವಲ್ಪ ಬಾರೇ ಇಲ್ಲಿ."

ಹೆಂಡತಿ ಬಂದರು. ಕೈಯನ್ನು ಬೆಳಕಿಗೆ ಹಿಡಿದು, ಅಂಚುಗಳನ್ನು ಬೆರಳಿನಿಂದ ಒತ್ತಿ ನೋಡಿ "ಹ್ಞೂಂ" ಎಂದರು. ಕ್ಲಿನಿಕ್ಕಿನಲ್ಲಿ ಎನ್ನುವ ಅದೇ "ಹ್ಞೂಂ".

"ಏನು ಹ್ಞೂಂ? ಬಿಡಿಸೋಕಾಗತ್ತೋ ಇಲ್ವೋ?"

ಹೆಂಡತಿ ಬಚ್ಚಲಿಗೆ ಹೋದರು. ನೀರು ಬಿಟ್ಟ ಸದ್ದು, ಬೇಸಿನ್ನಿನ ಸದ್ದು ಕೇಳಿತು. ಆಮೇಲೆ ಏನು ಹೊಳೆಯಿತೋ, ಕೈಯೊರೆಸಿಕೊಂಡು ಸುಮ್ಮನೆ ಹೊರಗೆ ಬಂದರು.

"ಎಳೀಬೇಡಿ, ಚರ್ಮ ಕಿತ್ತು ಬರತ್ತೆ. ಚೆನ್ನಾಗಿ ಬೆವರಿದ್ರೆ ತಾನೇ ಬಿಡತ್ತೆ. ಹೇಗಿದ್ರೂ ಆಟಕ್ಕೆ ಬ್ಯಾಟು ಕೈಯಲ್ಲೇ ಇರ್ಬೇಕಲ್ವಾ? ಹೋಗಿ ಆಡಿ."

"ಆಡಬಹುದು ಕಣೇ! ಆದ್ರೆ ಕೈ ಹೇಗೆ ಕುಲುಕ್ಲಿ? ಎಡಗೈ ಕೊಟ್ಟರೆ ನಿಮ್ಮಣ್ಣ ಇನ್ನು ಹತ್ತು ವರ್ಷ ಈ ಕಡೆ ತಲೆ ಹಾಕೋಲ್ಲ!"

"ಅದನ್ನ ಕನ್ನಡಿ ಮುಂದೆ ನಿಂತಾಗ ಯೋಚಿಸ್ಬೇಕಿತ್ತು. ಮಾಡಿದ್ದುಣ್ಣೋ ಮಹರಾಯ!"

ಮುಂದಿನ ಆಪತ್ತು ಕ್ಲಬ್ಬಿನ ಟೀ ಶರ್ಟಿನದು. ತಲೆ ತೂರಿತು, ಎಡಗೈ ತೂರಿತು, ಬಲತೋಳಿನ ಬಳಿ ಬ್ಯಾಟು ಅಡ್ಡ ನಿಂತಿತು. ಹೆಂಡತಿ ಕತ್ತರಿ ತಂದು ತೋಳನ್ನು ಉದ್ದಕ್ಕೆ ಸೀಳಿ, ಬ್ಯಾಟು ದಾಟಿಸಿ, ಪಿನ್ನು ಹಾಕಿ ಮುಚ್ಚಿದರು. ಇಷ್ಟಾದ ಮೇಲೆ ಫೋನ್ ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡರು. ಗಂಡನ ಮಾನ ಹೋಗುತ್ತಿರುವಾಗ ಈಕೆಗೆ ಹರಟೆ ಬೇರೆ, ಎಂದು ಗೊಣಗುತ್ತಾ ಕನ್ನಡಕದವರು ಎಡಗೈಯಲ್ಲಿ ಚಮಚ ಹಿಡಿದು ತಿಂಡಿಯನ್ನು ಅರ್ಧ ಬಾಯಿಗೂ ಅರ್ಧ ನೆಲಕ್ಕೂ ಹಾಕಿದರು.

ಕ್ಲಬ್ಬು ಇರುವುದು ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಇರುವವು ಎರಡು ಟೇಬಲ್ಲು. ಒಂದರ ಕಾಲಿಗೆ ರಟ್ಟಿನ ಒತ್ತು. ಕೆಳಗಿನಿಂದ ಇಸ್ತ್ರಿಯ ಹಬೆ ಸದಾ ಏರುತ್ತಿರುವುದರಿಂದ, ಆಡುವವರಿರಲಿ ನೋಡುವವರೂ ಬೆವರುತ್ತಾರೆ. ಅವತ್ತು ಕುರ್ಚಿಗಳೆಲ್ಲ ಭರ್ತಿ. ಕನ್ನಡಕದವರು ಬಲಗೈಗೆ ಟವೆಲ್ ಸುತ್ತಿಕೊಂಡು ಗಾಂಭೀರ್ಯದಿಂದ ಪ್ರವೇಶಿಸಿದರು.

"ಏನ್ ಸಾರ್, ಕೈಗೇನಾಯ್ತು?"

"ಕೈಗಲ್ಲ. ಬ್ಯಾಟಿಗೆ ಆಟಕ್ಕೆ ಮುಂಚೆ ಗಾಳಿ ತಾಗಬಾರ್ದು. ಈಗ ಎಲ್ಲಾ ಕಡೆ ಹೀಗೇ ಮಾಡ್ತಾರೆ."

ಅಷ್ಟು ಸಾಕಾಯಿತು! ಕ್ಷಣಾರ್ಧದಲ್ಲಿ ಸುದ್ದಿ ಕ್ಲಬ್ಬಿನ ಈ ಮೂಲೆಯಿಂದ ಆ ಮೂಲೆಗೆ ಮುಟ್ಟಿ, ಇನ್ನಿಬ್ಬರು ಸದಸ್ಯರು ತಮ್ಮ ಬ್ಯಾಟುಗಳಿಗೆ ಕರವಸ್ತ್ರ ಸುತ್ತಿದರು.

ಅಂಪೈರು ನಿವೃತ್ತ ಪೋಸ್ಟ್‌ಮಾಸ್ಟರು. ನಿಯಮ ಎಂದರೆ ನಿಯಮ. ಅವರು ಕರೆದ ಕೂಡಲೇ ಭಾವ ಟೇಬಲ್ಲಿನ ಪಕ್ಕಕ್ಕೆ ಬಂದು ಬಲಗೈ ಚಾಚಿದರು.

ನೋಡುವವರೆಲ್ಲ ಕತ್ತು ಉದ್ದ ಮಾಡಿದರು! ಹೋದ ವರ್ಷದ ಕಥೆ ಎಲ್ಲರಿಗೂ ಗೊತ್ತು. ಭಾವನ ಕೈ ಗಾಳಿಯಲ್ಲಿ ಹಾಗೇ ನಿಂತಿದೆ. ಕನ್ನಡಕದವರ ಕೈ ಟವೆಲ್ಲಿನೊಳಗೆ ಬ್ಯಾಟಿಗೆ ಅಂಟಿ ಕೂತಿದೆ. ಒಂದು ವರ್ಷದ ಮೇಲೆ ತಾನಾಗಿ ಬಂದ ಕೈ! ಹಿಡಿಯಬೇಕೆಂದು ಮನಸ್ಸು ಹಾರುತ್ತಿದೆ, ಹಿಡಿಯಲು ಕೈಯೇ ಇಲ್ಲ.

"ಆ... ಆಮೇಲೆ ಭಾವ. ಆಟ ಆದ್ಮೇಲೆ."

"ಮತ್ತೆ ಶುರುವಾಯ್ತಪ್ಪಾ," ಎಂದು ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಭಾವ ಕೈ ಹಿಂದಕ್ಕೆಳೆದುಕೊಂಡರು. ಕನ್ನಡಕದವರಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

"ಬ್ಯಾಟು ತೋರಿಸಿ," ಎಂದರು ಪೋಸ್ಟ್‌ಮಾಸ್ಟರು. ಆಟಕ್ಕೆ ಮುಂಚೆ ಎದುರಾಳಿಗೆ ಬ್ಯಾಟು ಕೊಟ್ಟು ಪರೀಕ್ಷೆ ಮಾಡಿಸಬೇಕಲ್ಲ! ಭಾವ ತಮ್ಮದನ್ನು ಕೊಟ್ಟರು. ಕನ್ನಡಕದವರು ಟವೆಲ್ ಬಿಚ್ಚಿ ತಮ್ಮ ಬ್ಯಾಟನ್ನು ತೋಳಿನ ಸಮೇತ ಚಾಚಿದರು. ಭಾವ ನಾಡಿ ನೋಡುವ ವೈದ್ಯರಂತೆ ಮಣಿಕಟ್ಟು ಹಿಡಿದು, ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ, "ಸರಿಯಾಗಿದೆ" ಎಂದು ವಾಪಸ್ಸು ಮಾಡಿದರು. ಅವರ ತುಟಿಯಂಚು ಒಮ್ಮೆ ಕುಣಿದದ್ದು ಕಂಡು ಕನ್ನಡಕದವರ ಎದೆ ಇನ್ನಷ್ಟು ಕುಸಿಯಿತು.

ಆಟ ಶುರುವಾಯಿತು. ಐದರಲ್ಲಿ ಮೂರು ಗೇಮು ಗೆದ್ದವರಿಗೆ ಕಪ್. ಮೊದಲ ಗೇಮು ಭಾವನಿಗೆ, ಎರಡನೆಯದೂ ಭಾವನಿಗೆ. ಗೇಮುಗಳ ನಡುವಿನ ವಿರಾಮದಲ್ಲಿ ಬ್ಯಾಟನ್ನು ಟೇಬಲ್ಲಿನ ಮೇಲೆಯೇ ಬಿಟ್ಟು ಹೋಗಬೇಕೆಂಬುದು ಇನ್ನೊಂದು ನಿಯಮ. ಭಾವ ತಮ್ಮ ಬ್ಯಾಟು ಇಟ್ಟು ಹೋಗಿ ಕೂತು ನೀರು ಕುಡಿದರು.

"ಬ್ಯಾಟು ಇಡಿ," ಎಂದರು ಪೋಸ್ಟ್‌ಮಾಸ್ಟರು.

ಕನ್ನಡಕದವರು ಇಟ್ಟರು. ಇಟ್ಟು, ಅದರ ಜೊತೆಗೇ ಸೊಂಟ ಬಗ್ಗಿಸಿ ನಿಂತರು. ಬಾಯಾರಿಕೆಯಿಂದ ನಾಲಿಗೆ ಅಂಟುತ್ತಿದೆ. ನೀರಿನ ಬಾಟಲಿ ಎರಡೇ ಮಾರು ದೂರದಲ್ಲಿದೆ. ಹೋಗುವ ಹಾಗಿಲ್ಲ!

"ನೋಡಿ ಕಲೀರಿ," ಎಂದು ಪೋಸ್ಟ್‌ಮಾಸ್ಟರು ಎಲ್ಲರಿಗೂ ಕೇಳುವಂತೆ ಹೇಳಿದರು. "ಶಿಸ್ತು ಅಂದ್ರೆ ಇದು! ಬ್ಯಾಟು ಬಿಟ್ಟು ಕದಲಲಿಲ್ಲ ಮನುಷ್ಯ!"

ಮೂರನೆಯ ಗೇಮಿನಿಂದ ಆಟದ ಬಣ್ಣವೇ ಬದಲಾಯಿತು. ಭಾವ ಹೊಡೆಯುವುದನ್ನು ಪೂರ್ತಿ ಬಿಟ್ಟು ಬರೀ ಚೆಂಡು ಹಿಂತಿರುಗಿಸತೊಡಗಿದರು. ಒಮ್ಮೆ ಎಡಮೂಲೆಗೆ, ಒಮ್ಮೆ ಬಲಮೂಲೆಗೆ, ಒಮ್ಮೆ ಬಲೆಯ ಬುಡಕ್ಕೆ. ಕನ್ನಡಕದವರು ಓಡಿದರು. ಮತ್ತೆ ಓಡಿದರು. ಅಷ್ಟು ಓಡಿಸಿ, ಕೊನೆಗೆ ಭಾವನೇ ಚೆಂಡನ್ನು ಬಲೆಗೆ ತಗುಲಿಸಿಬಿಡುವರು. ಮೂರನೆಯ ಗೇಮು ಕನ್ನಡಕದವರಿಗೆ! ನಾಲ್ಕನೆಯದೂ ಕನ್ನಡಕದವರಿಗೆ! ನೋಡುವವರೆಲ್ಲ ಎದ್ದು ನಿಂತರು. ನಮ್ಮವರ ಬೆನ್ನು, ಹೊಟ್ಟೆ, ಮೊಣಕೈಗಳಿಂದ ಬೆವರು ಧಾರಾಕಾರ. ತೋಳಿನ ಪಿನ್ನು ಎಲ್ಲಿಗೋ ಹಾರಿ, ಶರ್ಟಿನ ತೋಳು ಬಾವುಟದಂತೆ ಪಟಪಟಿಸುತ್ತಿತ್ತು.

ಐದನೆಯ ಗೇಮು ಸಮಸಮ ಏರುತ್ತಾ ಹೋಗಿ, ಭಾವ ಗೆಲ್ಲಲು ಒಂದೇ ಪಾಯಿಂಟು ಎನ್ನುವಲ್ಲಿಗೆ ಬಂತು. ಭಾವನ ಚೆಂಡು ಹದವಾಗಿ ಎದ್ದಿತು. ಕನ್ನಡಕದವರು ಇಡೀ ವರ್ಷದ ಸಿಟ್ಟನ್ನು ಒಟ್ಟುಮಾಡಿ ಬೀಸಿದರು ನೋಡಿ!

ಚೆಂಡು ಬಲೆಗೆ ಬಿತ್ತು. ಬ್ಯಾಟು ಭಾವನ ತಲೆಯ ಮೇಲಿಂದ ಸೊಂಯ್ಯನೆ ಹಾರಿ ನೋಟಿಸ್ ಬೋರ್ಡಿಗೆ ಬಡಿದು, 'ಇಂದು ಫೈನಲ್' ಎಂಬ ಹಾಳೆಯನ್ನು ಹರಿದುಕೊಂಡು ಕೆಳಗೆ ಬಿತ್ತು.

ಸೋಲು! ಮತ್ತೆ ಸೋಲು! ಎಲ್ಲರೂ ಬಾಗಿಲಿಗೆ ದಾರಿ ಬಿಟ್ಟು ಸರಿದರು. ಈಗ ಮನುಷ್ಯ ಬ್ಯಾಗೆತ್ತುತ್ತಾನೆ, ಬಾಗಿಲು ಬಡಿಯುತ್ತಾನೆ.

ಕನ್ನಡಕದವರು ತಮ್ಮ ಅಂಗೈ ನೋಡಿಕೊಂಡರು. ಖಾಲಿ! ಐದು ಬೆರಳು ಮಡಚಿದರು, ಬಿಚ್ಚಿದರು. ಅಲ್ಲಲ್ಲಿ ಸುಲಿದು ಉರಿಯುತ್ತಿದ್ದರೂ ಎಷ್ಟು ಚೆಂದದ ಕೈ!

"ಬಿಡ್ತು! ಬಿಡ್ತು ಭಾವ, ಬಿಡ್ತು!"

ಹಾಗೆ ಕೂಗುತ್ತಾ ಟೇಬಲ್ ಸುತ್ತಿ ಓಡಿ, ಭಾವನ ಕೈಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದರು. ಕುಲುಕಿದರು, ಬಿಡಲಿಲ್ಲ, ಮತ್ತೆ ಕುಲುಕಿದರು.

"ಇದು ಈ ವರ್ಷದ್ದು ಭಾವ. ಇದು... ಇದು ಹೋದ ವರ್ಷದ್ದು. ತಪ್ಪಾಯ್ತು."

ಭಾವನ ಕಣ್ಣುಗಳು ಒದ್ದೆಯಾದವು. ಹಾಗೇ ಎಳೆದು ತಬ್ಬಿಕೊಂಡರು. ಕನ್ನಡಕದವರಿಗೆ ಎದೆಯ ಮೇಲಿನ ಬಂಡೆಯನ್ನು ಯಾರೋ ಇಳಿಸಿದಂತಾಯಿತು. ಅವರ ಜೀವನದಲ್ಲಿ ಅಷ್ಟು ಹಗುರಾಗಿ ಸೋತದ್ದು ಅದೇ ಮೊದಲು.

ಮಧ್ಯಾಹ್ನ ಬೆಲ್ಲು ಬಾರಿಸಿದವರು ಭಾವ. ಬಾಗಿಲು ತೆರೆದ ತಂಗಿ ಅಣ್ಣನ ತೋಳು ಹಿಡಿದು ಒಳಗೆ ಕರೆದೊಯ್ದರು. ಭಾವ ಗೆದ್ದು ತಂದ ಕಪ್ ಬಾಗಿಲಲ್ಲಿ ಚಪ್ಪಲಿಗಳ ಪಕ್ಕದಲ್ಲೇ ಉಳಿಯಿತು, ಅದನ್ನು ಯಾರೂ ತಿರುಗಿ ನೋಡಲಿಲ್ಲ.

ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಊಟದ ತಟ್ಟೆಯ ಮುಂದೆ ಕೂತ ಕನ್ನಡಕದವರು ಶುರು ಮಾಡಿದರು. "ಸೋತೆ, ಒಪ್ಕೋತೀನಿ. ಆದ್ರೂ ಚಾಂಪಿಯನ್ನನ್ನ ಐದನೇ ಗೇಮಿನವರೆಗೂ ಎಳೆದೆನೋ ಇಲ್ವೋ? ನೀವೇ ಹೇಳಿ ಭಾವ!"

ಭಾವ ತುತ್ತು ನುಂಗಿ ತಂಗಿಯ ಮುಖ ನೋಡಿದರು. ತಂಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

"ಮೂರನೇದ್ರಲ್ಲೇ ಮುಗಿಸ್ಬಹುದಿತ್ತು ಭಾವನೋರೇ. ಆದ್ರೆ ನಿಮ್ಮ ಬ್ಯಾಟು ಇನ್ನೂ ಕೈಗೆ ಗಟ್ಟಿಯಾಗಿ ಅಂಟಿತ್ತಲ್ಲ."

"ಅಂದ್ರೆ... ನಿಮಗೆ ಗೊತ್ತಿತ್ತಾ?"

"ಬೆಳಿಗ್ಗೆನೇ ಇವಳು ಫೋನ್ ಮಾಡಿದ್ಲು. ಚೆನ್ನಾಗಿ ಬೆವರಿಸು ಅಣ್ಣ, ಕೈ ಬಿಟ್ಟ ಮೇಲೆನೇ ಆಟ ಮುಗಿಸು ಅಂತ. ಎರಡು ಗೇಮು ಅದಕ್ಕೇ ಖರ್ಚಾಯ್ತು."

"ಗೊತ್ತಿದ್ದೂ ಮೊದಲು ಕೈ ಚಾಚಿದ್ರಾ?"

"ವರ್ಷ ಕಾದಿದ್ದೀನಿ ಭಾವನೋರೇ. ಅಷ್ಟೂ ಆಟ ಆಡಿಸ್ಬಾರ್ದಾ?"

ಕನ್ನಡಕದವರು ಒಂದು ಗಳಿಗೆ ಮುಖ ಊದಿಸಲು ನೋಡಿದರು. ಊದಲಿಲ್ಲ. ನಗುವೇ ಮೊದಲು ಬಂತು. ಮೂವರೂ ಬಿಕ್ಕಳಿಕೆ ಬಂದು ನೀರು ಕುಡಿಯುವಷ್ಟು ನಕ್ಕರು.

"ಹೋಗ್ಲಿ ಬಿಡಿ. ಬೆವರೊಂದೇ ಮದ್ದು ಅಂದ್ಮೇಲೆ ಬೇರೆ ದಾರಿ ಏನಿತ್ತು?" ಎಂದು ಕನ್ನಡಕದವರು ದೊಡ್ಡ ಮನಸ್ಸು ಮಾಡಿದರು.

"ಹೂಂ, ಹೂಂ. ಎದ್ದು ಕೈ ತೊಳ್ಕೊಳ್ಳಿ, ಇನ್ನೂ ಅಂಟಿನ ಚೂರು ಇದೆ. ಬಚ್ಚಲಲ್ಲಿ ಬೇಸಿನ್ನಿಗೆ ಸೋಪು, ಬಿಸಿನೀರು ಹಾಕಿಟ್ಟಿದ್ದೀನಿ. ನೆನೆಸಿದ್ರೆ ಹಾಗೇ ಬಿಟ್ಟುಬಿಡತ್ತೆ. ಕ್ಲಿನಿಕ್ಕಲ್ಲಿ ಮಕ್ಕಳ ಬೆರಳು ಹಾಗೇ ಬಿಡಿಸೋದು."

ಕನ್ನಡಕದವರು ಹೋಗಿ ಬೇಸಿನ್ನಿನಲ್ಲಿ ಕೈಯದ್ದಿದರು.

"ಲೇ, ಇದೇನೇ? ನೀರು ಮಂಜಿನ ಹಾಗೆ ತಣ್ಣಗಿದೆ!"

"ಇನ್ನೇನ್ರೀ ಇರತ್ತೆ?" ಒಳಗಿನಿಂದ ಹೆಂಡತಿಯ ದನಿ ಬಂತು. "ಅದನ್ನಿಟ್ಟಿದ್ದು ಬೆಳಿಗ್ಗೆ, ನೀವು ನನ್ನ ಕರೆದಾಗ!"