ಟ್ಯಾಕ್ಸಮ್ಮನ ಕಕ್ಷಿದಾರರು

ತೆರಿಗೆ, ಕಾರ್ಮಿಕ ಕಾಯಿದೆ ಅಂದರೆ ಜನ ಆಕಳಿಸುತ್ತಾರೆ. ನಾನಂತೂ ಇಪ್ಪತ್ತು ವರ್ಷ ಅದರಲ್ಲೇ ಇದ್ದು ನಕ್ಕಷ್ಟು ಬೇರೆಲ್ಲೂ ನಕ್ಕಿಲ್ಲ. ಸರ್ಕಾರ ಒಂದು ಹೊಸ ನಿಯಮ ತರುತ್ತೆ, ಅದು ನಮ್ಮ ಅಂಗಡಿಯವರ ಕಿವಿಗೆ ಬೀಳೋ ಹೊತ್ತಿಗೆ ಬೇರೆಯೇ ಆಗಿರುತ್ತೆ, ಆಮೇಲೆ ಆ ಬೇರೆಯದನ್ನು ಹಿಡಿದುಕೊಂಡು ಅವರು ನನ್ನ ಹತ್ತಿರ ಬರುತ್ತಾರೆ.

ನನ್ನದು ಹಾಸನದ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಮಹಡಿ ಕೋಣೆ. ಸಣ್ಣ ವ್ಯಾಪಾರಸ್ಥರ ಸೇಲ್ಸ್ ಟ್ಯಾಕ್ಸ್ ಕಾಗದ, ಲೈಸೆನ್ಸು, ರಿಜಿಸ್ಟರು ನೋಡಿಕೊಳ್ಳೋದು ಕೆಲಸ. ವಾರದಲ್ಲಿ ಮೂರು ದಿನ ಫೈಲುಗಳ ಚೀಲ ಹೊತ್ತು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸುತ್ತುತ್ತಿದ್ದೆ. ನಮ್ಮದು ಪೂಜೆ ಮಾಡಿಕೊಂಡು ಬಂದ ಮನೆತನ. ಈ ಕೆಲಸಕ್ಕೆ ಇಳಿದ ಮೊದಲ ಹೆಣ್ಣು ನಾನೇ ಅಂತ ನಮ್ಮಪ್ಪನಿಗೆ ಒಳಗೊಳಗೇ ಹೆಮ್ಮೆ. ಊರವರು ಮಾತ್ರ ನನಗೆ ಟ್ಯಾಕ್ಸಮ್ಮ ಅಂತ ಹೆಸರಿಟ್ಟರು.

ಒಡೆಯದ ಲಕೋಟೆ

ಅರಕಲಗೂಡಿನಲ್ಲಿ ಒಬ್ಬರು ಬಟ್ಟೆ ಅಂಗಡಿ ಯಜಮಾನರು. ಒಂದು ದಿನ ಅರಿಶಿನ, ಕುಂಕುಮ ಮೆತ್ತಿದ ಖಾಕಿ ಬಣ್ಣದ ಲಕೋಟೆಯೊಂದನ್ನು ತಂದು ನನ್ನ ಮುಂದೆ ಇಟ್ಟರು. ಅಂಚು ಕೂಡ ಒಡೆದಿರಲಿಲ್ಲ.

"ಯಾವಾಗ ಬಂತು ಇದು?"

"ಆರು ತಿಂಗಳಾಯ್ತು ಕಣಮ್ಮ. ಟ್ಯಾಕ್ಸ್ ಆಫೀಸಿಂದು. ಒಡೆಯೋಕೆ ಧೈರ್ಯ ಬರ್ಲಿಲ್ಲ. ದೇವ್ರ ಮನೇಲಿಟ್ಟು ದಿನಾ ಕೈ ಮುಗೀತಿದ್ದೆ. ಶನಿವಾರ ಒಪ್ಪತ್ತು ಬೇರೆ."

ಆರು ತಿಂಗಳು ಉತ್ತರ ಕೊಡದೆ ಕೂತರೆ ಆಫೀಸಿನವರು ಸುಮ್ಮನಿರುತ್ತಾರಾ? ಒಡೆದು ಓದಿದೆ. ಎರಡೇ ಸಾಲು. ನಮ್ಮ ಕಚೇರಿಯನ್ನು ಪಕ್ಕದ ರಸ್ತೆಯ ಹೊಸ ಕಟ್ಟಡಕ್ಕೆ ಸ್ಥಳಾಂತರಿಸಲಾಗಿದೆ, ಗಮನಿಸುವುದು.

ಯಜಮಾನರು ಕಣ್ಣು ಮುಚ್ಚಿ ಎರಡೂ ಕೈ ಮೇಲೆತ್ತಿದರು. "ದೇವ್ರು ದೊಡ್ಡೋನು ಕಣಮ್ಮ! ನನ್ನ ಒಪ್ಪತ್ತಿಗೆ ಆಫೀಸೇ ಜಾಗ ಖಾಲಿ ಮಾಡ್ಬುಡ್ತು!"

ಹುಬ್ಬಿನ ಮೇಲೆ ತೌಡು

ಅದೇ ತಾಲ್ಲೂಕಿನ ಒಬ್ಬ ಅಕ್ಕಿ ಗಿರಣಿ ಮಾಲೀಕರಿಗೆ ಒಂದು ನಿಯಮ ಮಾತ್ರ ಬಾಯಿಪಾಠ. ಇಪ್ಪತ್ತು ಜನ ಕೆಲಸಕ್ಕಿದ್ದರೆ ಪಿ.ಎಫ್. ಕಟ್ಟಬೇಕು, ಹತ್ತೊಂಬತ್ತಿದ್ದರೆ ಬೇಡ. ಹಾಗಾಗಿ ಅವರ ರಿಜಿಸ್ಟರಿನಲ್ಲಿ ಯಾವಾಗ ನೋಡಿದರೂ ಹತ್ತೊಂಬತ್ತೇ ಹೆಸರು. ಒಬ್ಬ ಬಿಟ್ಟರೆ ಒಬ್ಬ ಸೇರುತ್ತಿದ್ದ. "ಇದು ಸರಿಯಿಲ್ಲ, ನಿಜವಾಗಿ ಎಷ್ಟು ಜನ ಇದ್ದಾರೆ?" ಅಂತ ನಾನು ಕೇಳಿದಾಗಲೆಲ್ಲ "ಕಾಫಿ ಕುಡೀರಿ ಅಕ್ಕ" ಅನ್ನೋರು.

ಒಂದು ಸಲ ನಾನು ಅಲ್ಲಿ ಕೂತಿದ್ದಾಗಲೇ ಪಿ.ಎಫ್. ಇನ್‌ಸ್ಪೆಕ್ಟರು ಬಂದುಬಿಟ್ಟರು. ಗಿರಣಿಯೊಳಗೆ ನಡೆದು, ಬೆರಳು ತೋರಿಸಿ ಎಣಿಸಿದರು. ಇಪ್ಪತ್ತು.

"ಕೊನೇಲಿ ನಿಂತವರು ಕೆಲಸದೋರಲ್ಲ ಸಾ," ಮಾಲೀಕರು ಅಡ್ಡ ಬಂದರು. "ನಮ್ಮ ಬೀಗರು. ನಿನ್ನೆ ಊರಿಂದ ಬಂದವ್ರೆ."

ಬೀಗರ ತಲೆ, ಮೀಸೆ, ಹುಬ್ಬು ಎಲ್ಲ ತೌಡು. ಬೆನ್ನ ಮೇಲೆ ಮೂಟೆ.

"ಬೀಗರ ಕೈಲಿ ಮೂಟೆ ಹೊರಿಸ್ತೀರೇನ್ರೀ?"

"ಸುಮ್ನೆ ಕೂತ್ಕಳಿ ಅಂದ್ರೆ ಕೇಳಕಿಲ್ಲ ಸಾ. ಹಳೇ ಕಾಲದ ಜನ."

ಇನ್‌ಸ್ಪೆಕ್ಟರು ನೇರವಾಗಿ ಬೀಗರನ್ನೇ ಕೇಳಿದರು. "ಏನ್ ಯಜಮಾನ್ರೇ, ಇವರು ನಿಮಗೆ ಬೀಗರಾ?"

ಆ ಮನುಷ್ಯ ಮೂಟೆ ಇಳಿಸಿ, ಬೆವರು ಒರೆಸಿಕೊಂಡು ನಿಧಾನಕ್ಕೆ ಹೇಳಿದ: "ಒಂಬತ್ತು ವರ್ಸದಿಂದ ಇಲ್ಲೇ ಮೂಟೆ ಒರ್ತಾ ಇವ್ನಿ ಸಾ. ಬೀಗರು ಅಂತ ಇವತ್ತೇ ಗೊತ್ತಾಗಿದ್ದು. ನನ್ ಮಗಳ್ನ ಯಾರಿಗೆ ಕೊಟ್ಟಿವ್ನಿ ಅಂತ ಒಸಿ ಕೇಳಿ ಏಳ್ತೀರಾ?"

ಇನ್‌ಸ್ಪೆಕ್ಟರಿಗೇ ನಗು ತಡೆಯಲಿಲ್ಲ. ದಂಡ ಬಿತ್ತು, ಇಪ್ಪತ್ತೂ ಜನಕ್ಕೆ ಪಿ.ಎಫ್. ಶುರುವಾಯಿತು. ಮೊದಲ ವರ್ಷದ ಪಿ.ಎಫ್. ಚೀಟಿ ಬಂದ ದಿನ ಆ ಮೂಟೆ ಹೊರುವಾತ ಅದನ್ನು ಜೇಬಿನಲ್ಲಿಟ್ಟುಕೊಂಡು ಕಂಡಕಂಡವರಿಗೆ ತೋರಿಸುತ್ತಿದ್ದ. "ನಮ್ ಬೀಗರು ಮಾಡಿದ ಮರ್ವಾದೆ ನೋಡ್ರಪ್ಪ!"

ಶೆಟ್ಟಿಹಳ್ಳಿಯ ಸೌತೆಕಾಯಿ

ಒಂದು ಭಾನುವಾರ ಮನೆಯವರು, ಮಕ್ಕಳ ಜೊತೆ ಶೆಟ್ಟಿಹಳ್ಳಿಯ ಹಳೇ ಚರ್ಚು ನೋಡಲು ಹೋಗಿದ್ದೆ. ಅದನ್ನು ಮುಳುಗಿಸುವ ಅಣೆಕಟ್ಟಿನ ಹಿನ್ನೀರು ಇಳಿದಿತ್ತು, ಗೋಡೆಗಳ ತನಕ ನಡೆದು ಹೋಗಬಹುದಿತ್ತು. ದಾರಿಯಲ್ಲಿ ಒಬ್ಬಾಕೆ ಮಂಕರಿ ತುಂಬ ಎಳೇ ಸೌತೆಕಾಯಿ ಇಟ್ಟುಕೊಂಡು ಕೂತಿದ್ದರು. ನನ್ನ ಮುಖ ನೋಡಿದ್ದೇ ತಡ, ಸೆರಗನ್ನು ಮಂಕರಿಯ ಮೇಲೆ ಎಳೆದುಬಿಟ್ಟರು.

"ಟ್ಯಾಕ್ಸಮ್ಮ ಅಲ್ವಾ ನೀವು? ನಮ್ ಬಾವನ ಅಂಗಡಿಗೆ ಬತ್ತಿದ್ರಿ."

"ಹೌದಮ್ಮ. ನಾಲ್ಕು ಕಾಯಿ ಕೊಡಿ."

"ಇವು ನಮ್ ತ್ವಾಟದ್ದೇ ಕಣವ್ವ, ಬಿಲ್ಲುಗಿಲ್ಲು ಏನಿಲ್ಲ."

"ಬೆಳೆದವರು ಮಾರಿದರೆ ಟ್ಯಾಕ್ಸ್ ಇಲ್ಲಮ್ಮ. ನಾನು ಆಫೀಸರೂ ಅಲ್ಲ." ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ. ಕೊನೆಗೆ ನಾಲ್ಕಲ್ಲ, ಎಂಟು ಕಾಯಿ ಹೆಚ್ಚಿ, ಉಪ್ಪು ಖಾರ ಹಚ್ಚಿ ಮಕ್ಕಳ ಕೈಗೆ ಕೊಟ್ಟರು. ನಾನು ದುಡ್ಡು ಚಾಚಿದರೆ ಕೈ ಹಿಂದಕ್ಕೆ ಕಟ್ಟಿಕೊಂಡರು.

"ನಾ ಇಸ್ಕಣಕಿಲ್ಲ ಕಣವ್ವ. ದುಡ್ಡು ಇಸ್ಕಂಡ್ರೆ ಮಾರಾಟ ಆಗೋಯ್ತದೆ!"

ಬಾಗೂರಿನ ಮೈಸೂರು ಪಾಕು

ಏಪ್ರಿಲ್ ಒಂದರಿಂದ ಸೇಲ್ಸ್ ಟ್ಯಾಕ್ಸ್ ಹೋಗಿ ವ್ಯಾಟ್ ಬರುತ್ತೆ ಅಂತಾದಾಗ ಬಾಗೂರಿನ ದಿನಸಿ ಅಂಗಡಿಯವರೊಬ್ಬರು ರೇಡಿಯೋದಲ್ಲಿ ಸುದ್ದಿ ಕೇಳುತ್ತಿದ್ದರಂತೆ. "ಮಾರಾಟ ತೆರಿಗೆ ರದ್ದಾಗಲಿದ್ದು" ಅನ್ನುವಲ್ಲಿಗೆ ಕರೆಂಟು ಹೋಯಿತು. ಅವರಿಗೆ ಅಷ್ಟೇ ಸಾಕಾಯಿತು. ಚನ್ನರಾಯಪಟ್ಟಣಕ್ಕೆ ಹೋಗಿ ಐದು ಕೆ.ಜಿ. ಮೈಸೂರು ಪಾಕು ತಂದು ಸಂತೆಬೀದಿಯುದ್ದಕ್ಕೂ ಹಂಚಿದರು. ಒಂದು ಡಬ್ಬ ಎತ್ತಿಕೊಂಡು ಹಾಸನಕ್ಕೂ ಬಂದರು.

"ತಗಳಿ ಅಕ್ಕ, ಬಾಯಿ ಸಿಹಿ ಮಾಡ್ಕಳಿ. ಇನ್ ಮ್ಯಾಲೆ ನಿಮ್ಗೂ ಕೆಲ್ಸ ಇಲ್ಲ, ನಮ್ಗೂ ತಲೆನೋವಿಲ್ಲ."

ನಾನು ಒಂದು ತುಂಡು ಬಾಯಿಗಿಟ್ಟುಕೊಂಡು ಮಿಕ್ಕ ಸುದ್ದಿ ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದರು.

"ಏಪ್ರಿಲ್ ಒಂದು ಅಂದಾಗ್ಲೇ ನಂಗೆ ಅನುಮಾನ ಬರ್ಬೇಕಿತ್ತು," ಅಂದರು.

ಪಾಪ ಅನ್ನಿಸಿತು. ಅರ್ಧ ಗಂಟೆ ಕೂರಿಸಿಕೊಂಡು ವ್ಯಾಟ್ ಅಂದರೆ ಏನು ಅಂತ ಬಿಡಿಸಿ ಹೇಳಿದೆ. ನೀವು ಸಾಮಾನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು, ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಆದರೆ ಕೊಂಡಿದ್ದಕ್ಕೆ ಬಿಲ್ ಇರಬೇಕು ಅಂದೆ. ಹೂಂ, ಹೂಂ ಅಂತ ತಲೆಯಾಡಿಸಿದರು. ಮುಖ ಸ್ವಲ್ಪ ಗೆಲುವಾಯಿತು. ಜೇಬಿಗೆ ಕೈ ಹಾಕಿ, ಮಡಿಚಿ ಮಡಿಚಿ ತುಪ್ಪ ಹತ್ತಿದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಸಿಹಿ ಅಂಗಡಿಯ ಬಿಲ್ಲು.

"ಹಂಗಾರೆ ಮೊದ್ಲು ಈ ಮೈಸೂರು ಪಾಕ್‌ನ ಕಳೀರಿ ಅಕ್ಕ!"

ಮಾಲೀಕರು ಯಾರು?

ಹೊಳೆನರಸೀಪುರದಲ್ಲಿ ಒಂದು ಪಾತ್ರೆ ಅಂಗಡಿ. ಶುರು ಮಾಡುವಾಗ ಜೋಯಿಸರು ಯಾರೋ "ನಿನ್ನ ಹೆಸರಲ್ಲಿ ಬೇಡ, ಹೆಂಡತಿ ಹೆಸರಲ್ಲಿ ಮಾಡು, ಏಳಿಗೆ ಆಗುತ್ತೆ" ಅಂದಿದ್ದರಂತೆ. ಹಾಗೇ ಮಾಡಿದ್ದರು. ಆಕೆ ಅಂಗಡಿ ಕಡೆ ಬಂದವರಲ್ಲ. ಗಂಡ ವರ್ಷಕ್ಕೆರಡು ಸಲ ಕಾಗದ ಹಿಡಿದು "ಇಲ್ಲಿ ಹಾಕು" ಅಂದರೆ ಒಲೆಯ ಮುಂದಿನಿಂದ ಎದ್ದು ಬಂದು ಸಹಿ ಹಾಕಿ ಮತ್ತೆ ಒಲೆಯ ಮುಂದೆ ಹೋಗಿ ಕೂರುತ್ತಿದ್ದರು.

ವ್ಯಾಟ್ ರಿಜಿಸ್ಟ್ರೇಷನ್ ವಿಷಯದಲ್ಲಿ ಏನೋ ಅನುಮಾನ ಬಂದು ಆಫೀಸರು "ಮಾಲೀಕರನ್ನೇ ಕರಕೊಂಡು ಬನ್ನಿ" ಅಂದರು. ಗಂಡ ಹೆಂಡತಿ ಇಬ್ಬರೂ ಬಂದರು. ಜೊತೆಗೆ ನಾನೂ ಇದ್ದೆ.

"ನೀವೇನಮ್ಮ ಮಾಲೀಕರು?"

ಆಕೆ ಗಂಡನ ಮುಖ ನೋಡಿದರು. ಗಂಡ ಫ್ಯಾನ್ ನೋಡಿದ.

"ಅಂಗಂದ್ರೆ ಏನ್ ಸಾ?"

ಆಫೀಸರು ಒಳ್ಳೆಯವರು. "ಅಂಗಡಿ, ಅದರಲ್ಲಿರೋ ಪಾತ್ರೆ, ಲಾಭ, ನಷ್ಟ, ಎಲ್ಲ ನಿಮ್ಮದು ಅಂತಮ್ಮ."

"ಎಲ್ಲಾನೂವಾ?"

"ಎಲ್ಲಾನೂ."

"ಮತ್ತೆ ಇವ್ರು?"

ಆಫೀಸರು ಕಾಗದ ತಿರುವಿ ಹಾಕಿದರು. ಗಂಡನ ಹೆಸರು ಎಲ್ಲೂ ಇರಲಿಲ್ಲ. "ಕೆಲಸಕ್ಕಿರಬೇಕು," ಅಂದರು.

ವಾಪಸ್ ಬಸ್ಸಿನಲ್ಲಿ ಆಕೆ ಕಿಟಕಿಯಾಚೆ ನೋಡುತ್ತ ಸಣ್ಣಗೆ ನಗುತ್ತಿದ್ದರು. ನನಗೆ ಭಯವೇ ಆಯಿತು.

ಮರುದಿನದಿಂದ ಗಲ್ಲಾದ ಮೇಲೆ ಆಕೆ. ನಿಜ ಹೇಳಬೇಕೆಂದರೆ ವ್ಯಾಪಾರ ಕುದುರಿತು. ಮದುವೆಗೆ ಪಾತ್ರೆ ಕೊಳ್ಳುವ ಹೆಂಗಸರು ಈ ಗಂಡಸಿನ ಜೊತೆ ಚೌಕಾಸಿ ಮಾಡಿ ಸುಸ್ತಾಗಿ ಎದ್ದು ಹೋಗುತ್ತಿದ್ದರು, ಈಗ ಆಕೆಯ ಜೊತೆ ಕೂತು ಎಲೆ ಅಡಿಕೆ ಹಾಕಿಕೊಂಡು ಎರಡು ಕೊಳಗ ಜಾಸ್ತಿಯೇ ಒಯ್ಯುತ್ತಿದ್ದರು. ಅಷ್ಟರಲ್ಲಿ ಲೇಬರ್ ಇನ್‌ಸ್ಪೆಕ್ಟರು ಬಂದು ಹಾಜರಿ ಪುಸ್ತಕ ಎಲ್ಲಿ ಅಂತ ಕೇಳಿ ಹೋದರು. ಮನೆಯವರ ಹೆಸರು ಬರೆಯಬೇಕಾಗಿಲ್ಲ ಅಂತ ನಾನು ಹೇಳಲು ಹೋಗುವಷ್ಟರಲ್ಲಿ ಆಕೆ ಪುಸ್ತಕ ಕೊಂಡು, ಗೆರೆ ಎಳೆದು, ಮೊದಲನೇ ಹೆಸರು ಗಂಡನದೇ ಬರೆದು ಮುಗಿಸಿದ್ದರು. ದಿನಾ ಬೆಳಿಗ್ಗೆ ಸಹಿ. ವಾರಕ್ಕೊಂದು ದಿನ ರಜೆ, ಕಾನೂನಿನ ಪ್ರಕಾರ.

ರಜೆ ಅಂತ ಕೇಳಿ ಆತ ಖುಷಿಯಾಗಿಯೇ ಇದ್ದ. ಎರಡು ವಾರ ಕಳೆದು ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಮುಖ ಬಾಡಿತ್ತು.

"ಏನ್ರೀ, ಇವತ್ತು ರಜೆ ಅಲ್ವಾ?"

"ರಜೆನೇ ಕಣಕ್ಕ. ಬೆಳಿಗ್ಗೆ ಅಂಗಡಿಗೆ ಓಗೋವಾಗ ಚೀಟಿ ಬರ್ದಿಟ್ಟವ್ಳೆ. ಬಟ್ಟೆ ಒಗೀಬೇಕು. ರಾಗಿ ಬೀಸಿಸ್ಕಂಡು ಬರ್ಬೇಕು. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಮಾಡಿ ಅಂಗಡಿಗೆ ತಗಂಡೋಗಿ ಕೊಡ್ಬೇಕು. ಓದ್ ವಾರ ಸಾರಿಗೆ ಉಪ್ಪು ಜಾಸ್ತಿ ಆಗೋಗಿ ಗಿರಾಕಿಗಳ ಮುಂದೇನೇ ಬೈದ್ಲು." ಒಂದು ಲೋಟ ನೀರು ಕುಡಿದು ದನಿ ತಗ್ಗಿಸಿದ. "ರಜೆ ದಿನ ಕೆಲ್ಸ ಮಾಡಿಸ್ಕಂಡ್ರೆ ಡಬಲ್ ಸಂಬಳ ಅಂತ ಐತಂತಲ್ಲ ಅಕ್ಕ?"

"ಕೇಳಿ ನೋಡಬಹುದು. ಆದರೆ ಮಾಲೀಕರ ಮೇಲೆ ಲಿಖಿತ ದೂರು ಕೊಡಬೇಕಾಗುತ್ತೆ."

"ಸಹಿ ಯಾರು ಹಾಕ್ಬೇಕು?"

"ನೀವೇ."

ಪೆನ್ನು ಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ದೂರು ಬ್ಯಾಡ ಬುಡಿ ಅಕ್ಕ," ಅಂದ. "ಈ ರಜೆ ರದ್ದು ಮಾಡ್ಸೋಕೆ ಯಾವ ಫಾರಂ ಐತೆ, ಅದನ್ನ ಕೊಡಿ!"