ಮಾಣಿಯ ನಡಿಗೆ

ಬಿದ್ದವನನ್ನು ನೋಡಿ ಜನ ನಗುವುದು ಅವನು ಬಿದ್ದಾಗ ಅಲ್ಲ, ಎದ್ದು ಅಂಗಿ ಕೊಡವಿಕೊಂಡಾಗ. ಅಲ್ಲಿಯ ತನಕ ಉಸಿರು ಹಿಡಿದಿರುತ್ತಾರೆ. ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಮಾವನವರು, ನನ್ನ ಗಂಡನ ತಂದೆ, ಗದಗಿನವರು. ಅವರು ಹೇಳಿದಾಗ ಅದು ಬರೀ ಸಿನಿಮಾದ ಮಾತಾಗಿತ್ತು. ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನ ನಮ್ಮ ಮನೆಯಲ್ಲಿ ಯಾರಾದರೊಬ್ಬರು ಬೀಳುತ್ತಲೇ ಇರುತ್ತಾರೆ, ಒಂದೋ ನನ್ನ ಕಂಪ್ಯೂಟರಿನಲ್ಲಿ, ಇಲ್ಲವೇ ಬಚ್ಚಲಿನಲ್ಲಿ. ಕಂಪ್ಯೂಟರಿನವರಿಗೆ ಪೆಟ್ಟಾಗುವುದಿಲ್ಲ.

೧. ಬೀಳಿಸುವ ಕೆಲಸ

ನಾನು ಒಂದು ವಿಡಿಯೋ ಗೇಮ್ ಕಂಪನಿಯಲ್ಲಿ ಅನಿಮೇಟರ್. ನಮ್ಮದು ಸ್ಯಾಂಡ್‌ಬಾಕ್ಸ್ ಆಟ. ಅಂದರೆ ಗೆಲ್ಲುವುದು ಸೋಲುವುದು ಏನೂ ಇಲ್ಲ. ಒಂದು ಊರು ಕೊಟ್ಟು, ಏನು ಬೇಕಾದರೂ ಮಾಡಿಕೊಳ್ಳಿ ಎಂದು ಬಿಟ್ಟುಬಿಡುತ್ತೇವೆ. ಜನ ಮನೆ ಕಟ್ಟುತ್ತಾರೆ, ತೋಟ ಮಾಡುತ್ತಾರೆ ಅಂದುಕೊಂಡಿದ್ದೆವು. ಅವರು ಒಬ್ಬರನ್ನೊಬ್ಬರು ಮಾಳಿಗೆಯಿಂದ ತಳ್ಳುತ್ತಾರೆ. ಹಾಗಾಗಿ ಆ ಊರಿನವರು ಹೇಗೆ ನಡೆಯಬೇಕು, ಎಲ್ಲಿ ಎಡವಬೇಕು, ಯಾವ ಭಂಗಿಯಲ್ಲಿ ಬೀಳಬೇಕು ಎಂದು ನೋಡಿಕೊಳ್ಳಲು ಸಂಬಳ ಕೊಟ್ಟು ನನ್ನನ್ನು ಇಟ್ಟುಕೊಂಡಿದ್ದಾರೆ.

ಮಾವನವರು ನಮ್ಮ ಜೊತೆ ಇರಲು ಬಂದ ಹೊಸತರಲ್ಲಿ ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಅರ್ಧ ದಿನ ಇದನ್ನೇ ನೋಡಿದರು. ನೋಡಿ ತಪ್ಪು ಹಿಡಿಯುವ ಹಕ್ಕು ಅವರಿಗಿತ್ತು. ಮೂವತ್ತು ವರ್ಷ ಸರ್ಕಾರಿ ಪ್ರಚಾರದ ವ್ಯಾನಿನಲ್ಲಿ ಊರೂರು ತಿರುಗಿ, ಪರದೆ ಕಟ್ಟಿ ಚಿತ್ರ ತೋರಿಸಿದವರು. ಮಲೇರಿಯಾದ ಚಿತ್ರ ನೋಡಲು ಯಾರೂ ಬರುವುದಿಲ್ಲವೆಂದು ಮೊದಲು ಒಂದು ಹಳೇ ಮೂಕಿ ಹಾಸ್ಯದ ರೀಲು ಹಾಕುತ್ತಿದ್ದರಂತೆ. ಹೋಟೆಲಿನ ಮಾಣಿಯೊಬ್ಬ ತಟ್ಟೆಗಳ ಗೋಪುರ ಹೊತ್ತು, ಮೊಣಕಾಲನ್ನು ಎದೆಮಟ್ಟ ಎತ್ತೆತ್ತಿ ನಡೆಯುತ್ತಾನೆ. ನೆಲದ ತುಂಬ ಸಾಬೂನು ನೀರು. ಅದು ಮುಗಿದ ಕೂಡಲೇ ಜನ ಚಾಪೆ ಮಡಚಿಕೊಂಡು ಹೊರಡುತ್ತಾರೆಂದು ಮಾವನವರು ರೀಲನ್ನೇ ಎರಡು ತುಂಡು ಮಾಡಿದ್ದರು. ಮಾಣಿ ಜಾರಿ ತಟ್ಟೆಗಳೆಲ್ಲ ಗಾಳಿಯಲ್ಲಿರುವಾಗ ಮಲೇರಿಯಾ ಶುರು. ಸೊಳ್ಳೆ, ಡಿಡಿಟಿ, ನಿಂತ ನೀರು ಎಲ್ಲ ಆದ ಮೇಲೆ ತಟ್ಟೆ ನೆಲಕ್ಕೆ ಬೀಳುತ್ತಿದ್ದವು.

ಅಂಥವರು ನನ್ನ ಪರದೆ ನೋಡಿ ಹೇಳಿದರು, "ನಿನ್ನ ಮನಶ್ಯಾ ಬೀಳೂಕಿಂತ ಮೊದ್ಲ ಹೆದರೂದ ಇಲ್ಲಲ್ಲವಾ. ಹೆದರಲಾರದವ ಬಿದ್ರ ಯಾರು ನಗತಾರ?"

ಮಾರನೆಯ ದಿನ ಬೀಳುವ ಮೊದಲು ಅರೆಕ್ಷಣದ ಹೆದರಿಕೆ ಸೇರಿಸಿದೆ. ಮೀಟಿಂಗಿನಲ್ಲಿ ಹತ್ತು ಜನ ಇಂಜಿನಿಯರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಇದು ಬೆಳಿಗ್ಗೆ ಓಡುವಾಗ ತನಗೆ ಹೊಳೆದದ್ದು ಎಂದು ನಮ್ಮ ಬಾಸು ತನ್ನ ಮೇಲಿನವರಿಗೆ ಹೇಳಿದ. ಮನೆಗೆ ಬಂದು ಗೊಣಗಿದೆ. ಮಾವನವರು ಬೇಜಾರು ಮಾಡಿಕೊಳ್ಳಲಿಲ್ಲ.

"ಬಿಡವಾ. ಬೀಳೂದು ನಮ್ದು, ಚಪ್ಪಾಳಿ ಅವರ್ದು. ವ್ಯಾನಿನ್ಯಾಗೂ ಹಂಗ ಇತ್ತು."

೨. ಸಂಭಾವಿತರು

ಅವರು ಬಂದ ಎರಡನೇ ವರ್ಷ ಅವರಿಗೆ ಕಂಪವಾತ, ಅಂದರೆ ಪಾರ್ಕಿನ್ಸನ್ಸ್ ಎಂದು ಗೊತ್ತಾಯಿತು. ಕೈ ಅಷ್ಟೇನೂ ನಡುಗುತ್ತಿರಲಿಲ್ಲ. ಕಾಲು ಮುಷ್ಕರ ಹೂಡುತ್ತಿತ್ತು. ಚೆನ್ನಾಗಿಯೇ ನಡೆದುಕೊಂಡು ಬರುತ್ತಾರೆ, ಬಾಗಿಲು ಸಿಕ್ಕಿತೋ, ಪಾದಕ್ಕೆ ಮೊಳೆ ಹೊಡೆದ ಹಾಗೆ ನಿಲ್ಲುತ್ತಾರೆ. ಪಾದ ನಿಂತದ್ದು ಮೈಗೆ ತಡವಾಗಿ ತಿಳಿಯುತ್ತದೆ, ಅಷ್ಟರಲ್ಲಿ ಅದು ಮುಂದಕ್ಕೆ ಹೋಗಿರುತ್ತದೆ. ಒಂದೇ ತಿಂಗಳಲ್ಲಿ ಎರಡು ಸಲ ಬಿದ್ದರು. ಮೆಟ್ಟಿಲು ಮಾತ್ರ ಕಂಬಿ ಹಿಡಿದು ಸಲೀಸಾಗಿ ಹತ್ತುತ್ತಿದ್ದರು, ಅದು ಈ ಕಾಯಿಲೆಯ ತಮಾಷೆಯಂತೆ.

ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಆರು ವಾರ ವ್ಯಾಯಾಮ, ಆಮೇಲೆ ನಡಿಗೆಯ ಪರೀಕ್ಷೆ. ಪಾಸಾದರೆ ಮನೆಯಲ್ಲಿರಬಹುದು. ಫೇಲಾದರೆ ವೀಲ್‌ಚೇರು. ನಮ್ಮದು ಟೌನ್‌ಹೌಸು, ಕೆಳಗೆ ಗ್ಯಾರೇಜು, ಅದರ ಮೇಲೆ ಅಡುಗೆಮನೆ, ಅದರ ಮೇಲೆ ಮಲಗುವ ಕೋಣೆ. ವೀಲ್‌ಚೇರು ಬಂದರೆ ಮಾವನವರು ವೃದ್ಧರನ್ನು ನೋಡಿಕೊಳ್ಳುವ ಕೇರ್ ಹೋಮಿಗೆ ಹೋಗಬೇಕು, ಕುಡಿಯಲು ನೀರು ಬೇಕೆಂದು ಕನ್ನಡದಲ್ಲಿ ಕೇಳಿದರೆ ಯಾರಿಗೂ ತಿಳಿಯದ ಜಾಗಕ್ಕೆ. ಇಂಗ್ಲಿಷಿನಲ್ಲಿ ಅವರಿಗೆ ಬರುವುದು ಮಲೇರಿಯಾಕ್ಕೆ ಸಂಬಂಧಪಟ್ಟದ್ದಷ್ಟೇ.

ಅದೇ ವಾರ ಅವರನ್ನು ಗ್ರೋಸರಿ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ನಾನು ಗಾಡಿ ತಳ್ಳಿಕೊಂಡು ಒಳಗೆ ಹೋಗಿ ತಿರುಗಿ ನೋಡಿದರೆ ಅವರಿಲ್ಲ. ತಾನಾಗಿ ತೆರೆಯುವ ಬಾಗಿಲಿನ ಹೊಸ್ತಿಲ ಪಕ್ಕದಲ್ಲಿ ಗೋಡೆ ಹಿಡಿದು ನಿಂತುಬಿಟ್ಟಿದ್ದಾರೆ. ಅವರು ನಿಂತಿರುವುದರಿಂದ ಬಾಗಿಲು ಮುಚ್ಚುತ್ತಿಲ್ಲ. ಹೋಗುವವರು ಬರುವವರು ಇವರು ತಮಗಾಗಿಯೇ ಬಾಗಿಲು ಹಿಡಿದಿದ್ದಾರೆಂದುಕೊಂಡು ಒಬ್ಬೊಬ್ಬರೂ ಥ್ಯಾಂಕ್ಯೂ ಹೇಳುತ್ತಿದ್ದಾರೆ. ಮಾವನವರ ಹಣೆಯಲ್ಲಿ ಬೆವರು, ಬಾಯಲ್ಲಿ ಮಾತ್ರ ಪ್ರತಿಯೊಬ್ಬರಿಗೂ "ಇರ್ಲಿ, ಇರ್ಲಿ."

ನಾನು ತೋಳು ಹಿಡಿದು ಬಿಡಿಸುವಷ್ಟರಲ್ಲಿ ಹತ್ತು ನಿಮಿಷವಾಗಿತ್ತು. ಒಬ್ಬ ಅಮೆರಿಕನ್ ಅಜ್ಜಿ ನನ್ನ ಹತ್ತಿರ ಬಂದು, ಇಂಥ ಸಂಭಾವಿತರು ಈಗ ಎಲ್ಲಿ ಸಿಗುತ್ತಾರೆ, ನಿಮ್ಮ ದೇಶದಲ್ಲಿ ಎಲ್ಲರೂ ಹೀಗೆಯೇ ಇರುತ್ತಾರಾ ಎಂದು ಕೇಳಿದರು. ಅರವತ್ತು ದಾಟಿದ ಮೇಲೆ ಕೆಲವರು ಆಗುತ್ತಾರೆ ಅಂದೆ.

೩. ಮುದುಕನ ಬಗ್ಗು

ನಮ್ಮ ಆಟದ ಊರಿಗೆ ಒಬ್ಬ ಮುದುಕ ಬೇಕಾಗಿತ್ತು. ಮಾವನವರು ಮನೆಯ ಹಾಲ್‌ನಲ್ಲಿ ನಡೆಯುವುದನ್ನು ಫೋನಿನಲ್ಲಿ ಹಿಡಿದು, ಅದನ್ನೇ ನೋಡಿಕೊಂಡು ಮುದುಕನ ನಡಿಗೆ ಮಾಡಿದೆ. ನಿಷ್ಠೆಯಿಂದ ಮಾಡಿದೆ, ಬಾಗಿಲ ಬಳಿ ಅವರು ನಿಂತದ್ದನ್ನೂ ಸೇರಿಸಿಬಿಟ್ಟಿದ್ದೇನೆಂದು ಗೊತ್ತಾದದ್ದು ಆಟವನ್ನು ಪರೀಕ್ಷಿಸುವವರು ಇದು ಬಗ್ಗು, ಅಂದರೆ ದೋಷ, ಎಂದು ದೂರು ಬರೆದ ಮೇಲೆ. "ಮುದುಕ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾನೆ. ತುರ್ತು ಏನಿಲ್ಲ. ಅವನನ್ನು ಯಾರೂ ಆಡಿಸುವುದಿಲ್ಲ."



ಆಡಿಸುವವಳು ಒಬ್ಬಳಿದ್ದಳು, ಹನ್ನೆರಡು ವರ್ಷದ ನನ್ನ ಮಗಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಅರ್ಧ ಇಂಗ್ಲಿಷಿನಲ್ಲಿ. ಅವಳು ದಾರಿ ಕಂಡುಕೊಂಡಿದ್ದಳು. ಮುದುಕನ ಕೈಗೆ ಏನಾದರೂ ಹೊರಲು ಕೊಟ್ಟರೆ ಆಟ ಅವನ ಮಾಮೂಲಿ ನಡಿಗೆ ಬಿಟ್ಟು ಹೊರುವವನ ನಡಿಗೆಗೆ ಬದಲಾಗುತ್ತದೆ, ಅವನು ಬಾಗಿಲು ದಾಟಿಬಿಡುತ್ತಾನೆ. "ಸೋ ಅಮ್ಮಾ, ಅಜ್ಜನ ಕೈಗೂ ಸಮ್‌ಥಿಂಗ್ ಕೊಡು," ಅಂದಳು. ಮನುಷ್ಯರು ಹಾಗಲ್ಲ ಪುಟ್ಟಿ ಎಂದು ನಾನು ತಿಳಿಹೇಳುತ್ತಿದ್ದಾಗ ಅವಳು ಅಡುಗೆಮನೆಗೆ ಹೋಗಿ ಒಂದು ಪಾತ್ರೆ ಅನ್ನ ಅಜ್ಜನ ಕೈಗೆ ಕೊಟ್ಟಾಗಿತ್ತು. ಮಾವನವರು ಬಾಗಿಲಲ್ಲಿ ನಿಂತರು. ಅನ್ನ ಮಾತ್ರ ದಾಟಿತು.

ನಾನು ಚೆಲ್ಲಿದ ಅನ್ನ ಬಾಚುತ್ತಿರುವಾಗಲೇ ಅವಳು ಸ್ಟೀಲ್ ತಟ್ಟೆ ತಂದಳು. ಒಂದರ ಮೇಲೊಂದು ಎಂಟು. ಮಾವನವರು ಆ ಗೋಪುರವನ್ನು ನೋಡಿದರು. ಬೆನ್ನು ನೆಟ್ಟಗಾಯಿತು. ಮೂತಿ ಮುಂದೆ ಮಾಡಿ, ಮೊಣಕಾಲು ಎದೆಗೆ ಎತ್ತಿ, ಒಂದು, ಎರಡು, ಮೂರು. ರೀಲಿನ ಮಾಣಿ ನಮ್ಮ ಅಡುಗೆಮನೆ ಬಾಗಿಲು ದಾಟಿ ಹಾಲ್‌ಗೆ ಹೋಗಿ ತಿರುಗಿ ಬಂದ. ಅವರ ಸ್ವಂತ ನಡಿಗೆ ಸಿಕ್ಕಿಕೊಂಡಿತ್ತು. ಆ ಮಾಣಿಯದು ಸಿಕ್ಕಿಕೊಂಡಿರಲಿಲ್ಲ.

ಆಫೀಸಿನಲ್ಲಿ ಆ ಬಗ್ಗನ್ನು ಯಾರೂ ಸರಿಮಾಡಲಿಲ್ಲ. ಮುದುಕನಿಗೆ ಕೆಲಸ ಕೊಟ್ಟರೆ ಸರಿಹೋಗುತ್ತದೆ ಎಂದು ಬರೆದು ಮುಚ್ಚಿದರು.

೪. ಸೊಸೆಯ ಕೀರ್ತಿ

ತಟ್ಟೆ ಹೊರುವ ಅಭ್ಯಾಸ ಜೋರಾಗಿ ನಡೆಯಿತು. ನಾಲ್ಕನೇ ವಾರ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೆವು, ಪರೀಕ್ಷೆ ಚೆನ್ನಾಗಿ ಆಗಲೆಂದೇ. ಮೂವತ್ತು ಜನ ಬಂದಿದ್ದರು. ಊಟದ ಹೊತ್ತಿಗೆ ಮಾವನವರಿಗೆ ಹಾಲ್‌ನಿಂದ ಅಡುಗೆಮನೆಗೆ ಬರಬೇಕಿತ್ತು, ಕಾಲು ನಿಂತಿತು. ಹತ್ತಿರದಲ್ಲಿದ್ದ ತಟ್ಟೆಗಳನ್ನು ಎತ್ತಿಕೊಂಡು ಹೊರಟರು. ಎಂಜಲು ತಟ್ಟೆಗಳು.

ಮನೆಯ ಯಜಮಾನ, ಎಪ್ಪತ್ತೆಂಟು ವರ್ಷದವರು, ಪೂಜೆಯ ದಿನ ಮಡಿಪಂಚೆಯಲ್ಲಿ ಅತಿಥಿಗಳ ಎಂಜಲು ಹೊರುತ್ತಿದ್ದಾರೆ. ನಾನು ಆಗ ಸೋಫಾದ ಮೇಲೆ ಕೂತು ಪಾಯಸ ಕುಡಿಯುತ್ತಿದ್ದೆ, ದಿನಪೂರ್ತಿ ನಿಂತವಳು ಆಗಷ್ಟೇ ಕೂತದ್ದು, ಅದನ್ನು ಯಾರು ಕೇಳುತ್ತಾರೆ.

ಮಂಡ್ಯ ಕಡೆಯ ಆಂಟಿಯೊಬ್ಬರು ಎದ್ದು ಅಡ್ಡ ನಿಂತರು. "ಏನ್ ಯಜಮಾನ್ರೇ ಇದು, ನೀವು ತಟ್ಟೆ ಎತ್ತೋದಾ? ನಿಮ್ ಸೊಸೆ ಏನ್ ಮಾಡ್ತಾವ್ರೆ?"

ಮಾವನವರಿಗೆ ಹೆಮ್ಮೆ. ನಿಂತರೆ ಮತ್ತೆ ಕಾಲು ಕಚ್ಚಿಕೊಳ್ಳುತ್ತದೆಂದು ಮೊಣಕಾಲು ಎತ್ತುತ್ತಲೇ ಉತ್ತರ ಕೊಟ್ಟರು. "ಇದೆಲ್ಲಾ ಆಕೀದ ತರಬೇತಿರೀ. ದಿನಾ ಎರಡು ತಾಸು ಹೊರಸ್ತಾಳ. ನಿಂತ್ರ ಬಿಡೂದಿಲ್ಲ."

ಆಮೇಲೆ ನಾನು ಕಾಯಿಲೆ, ಬಾಗಿಲು, ಮೂಕಿ ಸಿನಿಮಾ, ಆಟ ಎಲ್ಲವನ್ನೂ ವಿವರಿಸಿದೆ. ಆಂಟಿ ತಾಳ್ಮೆಯಿಂದ ಕೇಳಿದರು. ಹೋಗುವಾಗ ಮಾವನವರ ಕೈಗೆ ಗುಟ್ಟಾಗಿ ಒಂದು ಚೀಟಿ ಕೊಟ್ಟು ಹೋದರು. ಅದರಲ್ಲಿ ಹಿರಿಯರಿಗೆ ಕಿರುಕುಳವಾದರೆ ಕರೆಮಾಡುವ ಸಹಾಯವಾಣಿಯ ನಂಬರಿತ್ತು.

೫. ಪರೀಕ್ಷೆ

ಪರೀಕ್ಷೆ ಕ್ಯಾಂಪ್‌ಬೆಲ್‌ನ ಒಂದು ಕ್ಲಿನಿಕ್ಕಿನಲ್ಲಿ. ಚೀಲದಲ್ಲಿ ಎಂಟು ತಟ್ಟೆ ಇಟ್ಟುಕೊಂಡು ಹೋಗಿದ್ದೆವು. ಪರೀಕ್ಷೆ ಮಾಡುವ ಥೆರಪಿಸ್ಟು ಚಿಕ್ಕ ವಯಸ್ಸಿನವಳು, ಕಟ್ಟುನಿಟ್ಟು, ಆದರೆ ಒಳ್ಳೆಯವಳು. ತಟ್ಟೆಗಳನ್ನು ಪಕ್ಕಕ್ಕಿಟ್ಟಳು. ಮನೆಯಲ್ಲಿ ರಾತ್ರಿ ಬಚ್ಚಲಿಗೆ ಎದ್ದಾಗ ತಟ್ಟೆ ಯಾರು ಕೊಡುತ್ತಾರೆ, ಕೈ ಖಾಲಿ ಇರಬೇಕು, ಅವರ ಸ್ವಂತ ನಡಿಗೆಯನ್ನೇ ನೋಡಬೇಕು ಅಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಖಾಲಿ ಕೈಯಲ್ಲಿ ಮಾಣಿಯ ನಡಿಗೆ ಅವರಿಗೆ ಎಂದೂ ಬಂದಿರಲಿಲ್ಲ.

ಕುರ್ಚಿಯಿಂದ ಎದ್ದು, ಬಾಗಿಲು ದಾಟಿ, ಆಚೆಯ ಹಳದಿ ಪಟ್ಟಿ ಮುಟ್ಟಿ ಬರಬೇಕು. ಮಾವನವರು ಎದ್ದರು. ಬಾಗಿಲ ತನಕ ಬಂದರು. ನಿಂತರು.

ಥೆರಪಿಸ್ಟು ಸ್ಟಾಪ್‌ವಾಚು ಹಿಡಿದು, ಅವರ ಪಾದವನ್ನೇ ನೋಡುತ್ತ, ಬನ್ನಿ ಬನ್ನಿ ಎಂದು ಕೈಯಾಡಿಸುತ್ತ ಬಾಗಿಲಾಚೆ ಹಿಮ್ಮುಖವಾಗಿ ನಡೆಯುತ್ತಿದ್ದಳು. ಹಿಂದೆ ಚಕ್ರದ ಸ್ಟೂಲು ಇತ್ತು. ಹಿಮ್ಮಡಿ ಅದಕ್ಕೆ ತಗುಲಿತು, ಸ್ಟೂಲು ಒಂದು ಕಡೆ ಓಡಿತು, ಅವಳು ಹಿಂದಕ್ಕೆ ವಾಲಿದಳು. ಮಾವನವರು ಮೂರೇ ಹೆಜ್ಜೆಗೆ ಬಾಗಿಲು ದಾಟಿ ಅವಳ ಎರಡೂ ತೋಳು ಹಿಡಿದರು.

ಹಿಡಿದರು, ಅಲ್ಲೇ ನಿಂತುಬಿಟ್ಟರು.

ಅವಳು ಅರ್ಧ ವಾಲಿದ ಹಾಗೇ ಅವರ ಕೈಯಲ್ಲಿ ಜೋತಾಡುತ್ತಿದ್ದಳು. ಥ್ಯಾಂಕ್ಯೂ ಅಂದಳು. ಇನ್ನು ಬಿಡಬಹುದು ಅಂದಳು. ಮಾವನವರು ನನ್ನ ಕಡೆ ಕಣ್ಣು ಮಾತ್ರ ಹೊರಳಿಸಿದರು.

"ಬಿಡಾಕ ಬರವಲ್ದು ಅಂತ ಹೇಳವಾ ಆಕಿಗೆ."

ಹೇಳಿದೆ. ಬೆರಳು ಒಂದೊಂದಾಗಿ ಬಿಡಿಸಲು ನೋಡಿದೆ, ಆಗಲಿಲ್ಲ. ಸ್ಟಾಪ್‌ವಾಚು ಓಡುತ್ತಲೇ ಇತ್ತು. ಮುಂದಿನ ರೋಗಿಯೊಬ್ಬ ಹೊರಬಾಗಿಲಿನಿಂದ ಇಣುಕಿ, ಸಾರಿ ಎಂದು ಬಾಗಿಲು ಹಾಕಿಕೊಂಡು ಹೋದ. ಕೊನೆಗೆ ಕೈ ತಾನಾಗಿಯೇ ಸಡಿಲವಾಯಿತು, ಹೇಳದೆ ಕೇಳದೆ. ಥೆರಪಿಸ್ಟು ದೊಪ್ಪನೆ ನೆಲಕ್ಕೆ ಕೂತಳು.

ಅವಳು ಎದ್ದು ಬಹಳ ಹೊತ್ತು ಬರೆದಳು. ನನ್ನನ್ನು ಪಕ್ಕಕ್ಕೆ ಕರೆದು ಹೇಳುವಾಗ ಅವಳ ಕಣ್ಣೂ ಒದ್ದೆಯಾಗಿತ್ತು. ನಾನು ಬೀಳುತ್ತೇನೆಂದು ನನಗೋಸ್ಕರ ಬಾಗಿಲು ದಾಟಿದರು, ಆದರೆ ಅವರು ತಮಗೋಸ್ಕರ ದಾಟಬೇಕಾಗಿತ್ತು, ಪಾಸು ಮಾಡಲಾರೆ ಅಂದಳು. ಮುಂದಿನ ತಿಂಗಳು ಒಂದನೇ ತಾರೀಕಿಗೆ ಕೇರ್ ಹೋಮಿನಲ್ಲಿ ಕೋಣೆ ಸಿಕ್ಕಿದೆ. ನನ್ನ ಗಂಡ ಅಲ್ಲಿನ ನರ್ಸಿಗೆ ನೀರು, ಅನ್ನ, ಬಚ್ಚಲು ಎಂಬ ಮೂರು ಪದ ಕಲಿಸಿ ಬಂದಿದ್ದಾನೆ.

ಅವತ್ತು ಕಾರಿನಲ್ಲಿ ಮನೆಗೆ ಬರುವಾಗ ಫ್ರೀವೇ ಅರ್ಧ ದಾಟಿದ್ದೆವು. ಮಾವನವರು, ಆ ಹುಡುಗಿಗೆ ಪೆಟ್ಟಾಯಿತೇ ಎಂದು ಕೇಳಿದರು. ಇಲ್ಲ ಅಂದೆ. ಕಾಗದ ಓದು ಅಂದರು. ಟ್ರಾಫಿಕ್ಕು ನಿಂತಿತ್ತು, ಓದಿದೆ. ನಡಿಗೆ, ಸಾಲದು. ಹಿಡಿತ, ವಯಸ್ಸಿಗೆ ಮೀರಿದ್ದು. ಪರೀಕ್ಷೆಯ ವೇಳೆ ಬಿದ್ದದ್ದು, ಒಂದು ಸಲ.

ಕೇರ್ ಹೋಮಿಗೆ ಹೋಗಬೇಕೆಂದಾಗ ಏನೂ ಅನ್ನದವರು ಇದಕ್ಕೆ ಸೀಟಿನಲ್ಲಿ ನೆಟ್ಟಗೆ ಕೂತರು. "ಒಂದು ಸಲ? ಯಾರು ಬಿದ್ದದ್ದು ಅಂತ ಬರದಿಲ್ಲೇನು?"

ಬರೆದಿಲ್ಲ ಮಾವ, ಕಾಗದ ನಿಮ್ಮ ಹೆಸರಿನದು ಅಂದೆ.

ಆಗಿನಿಂದ ಮನೆಗೆ ಬಂದವರಿಗೆಲ್ಲ, ಫೋನು ಮಾಡಿದವರಿಗೆಲ್ಲ, ಮಂಡ್ಯದ ಆಂಟಿಗೂ ಅವರು ನನ್ನಿಂದ ಹೇಳಿಸುತ್ತಿರುವುದು ಇದೊಂದೇ. ಓದಿದ ನೀವೂ ದಯವಿಟ್ಟು ನಾಲ್ಕು ಜನಕ್ಕೆ ಹೇಳಿ: ಆ ದಿನ ಬಿದ್ದದ್ದು ನಮ್ಮ ಮಾವನವರಲ್ಲ, ಥೆರಪಿಸ್ಟು.