ನಮ್ಮ ಯಜಮಾನರ ತಲೆಯೂ ಒಂದು ಡಬ್ಬಿಯೂ

ಹೊಟ್ಟೆಕಿಚ್ಚು ಕೆಟ್ಟದ್ದು ಅಂತ ಎಲ್ಲರೂ ಹೇಳುತ್ತಾರೆ. ಹೇಳುವವರಿಗೆ ಅದು ಬಂದಿರುವುದಿಲ್ಲ, ಇಲ್ಲವೇ ಬಂದು ತಣ್ಣಗಾದ ಮೇಲೆ ಹೇಳುತ್ತಾರೆ. ನನಗೆ ಬಂದಿದೆ, ಇನ್ನೂ ಉರಿಯುತ್ತಲೇ ಇದೆ. ಬೇರೆ ಹೆಂಗಸರಿಗೆ ಓರಗಿತ್ತಿಯ ಸರದ ಮೇಲೋ ಪಕ್ಕದ ಮನೆಯವಳ ಸೊಸೆಯ ಮೇಲೋ ಬರುತ್ತದೆ. ಅದಕ್ಕೊಂದು ಮರ್ಯಾದೆಯಾದರೂ ಇದೆ. ನನಗೆ ಬಂದಿರುವುದು ಅಂಗೈಯಗಲದ ಒಂದು ಡಬ್ಬಿಯ ಮೇಲೆ. ಬೈಯೋಣ ಅಂದರೆ ಅದಕ್ಕೆ ಕಿವಿ ಇಲ್ಲ. ಜುಟ್ಟು ಹಿಡಿಯೋಣ ಅಂದರೆ ಜುಟ್ಟೂ ಇಲ್ಲ. ಊರವರ ಜುಟ್ಟು ನಿಲ್ಲಿಸುವುದೇ ಅದರ ಕಸುಬು.

ಡಬ್ಬಿ ತಂದವನು ಮೊಮ್ಮಗ ಚೇತನ. ವನಗೂರು ಕಡೆ ಗುಡ್ಡ ನೋಡೋಕೆ ಬರುವವರನ್ನು ಜೀಪಿನಲ್ಲಿ ಹತ್ತಿಸಿ ಇಳಿಸುವುದು ಅವನ ಕೆಲಸ. ಗಾಳಿಗೆ ಕೂದಲು ಕಾಗೆ ಗೂಡಾಗುತ್ತದೆ ಅಂತ ಬಾಳ್ಳುಪೇಟೆಯಿಂದ ಪೊಮೇಡ್ ಅನ್ನುವುದನ್ನು ತಂದ. ಹೆಸರು ಕೇಳಿ ನಾನು ಕಾಫಿ ಗಿಡಕ್ಕೆ ಹೊಡೆಯುವ ಔಷಧಿ ಅಂದುಕೊಂಡೆ. "ಇದು ನೀರಲ್ಲಿ ಮಾಡಿರೋದು ಕಣಜ್ಜಿ, ಜಿಡ್ಡಿಲ್ಲ. ಕೂದ್ಲು ಕಲ್ಲಂಗೆ ನಿಲ್ತದೆ. ಬರೀ ನೀರು ಹುಯ್ಕಂಡ್ರೆ ಹೋಗ್ಬುಡ್ತದೆ, ಸೀಗೆಪುಡಿ ಬ್ಯಾಡ" ಅಂದ. ಅವನು ಹಚ್ಚಿಕೊಂಡಿದ್ದರೆ ನನಗೇನೂ ಇರಲಿಲ್ಲ, ಪ್ರಾಯದವನು. ಆದರೆ ಪಕ್ಕದಲ್ಲಿ ನಿಂತು ಕೇಳುತ್ತಿದ್ದ ನಮ್ಮ ಯಜಮಾನರು, ಎಪ್ಪತ್ತು ದಾಟಿದವರು, "ಒಂಚೂರು ನೋಡ್ತೀನಿ ತಡಿಯೋ" ಅಂತ ಡಬ್ಬಿಗೆ ಬೆರಳು ಹಾಕಿದರು. ಆ ಒಂಚೂರು ಇನ್ನೂ ಮುಗಿದಿಲ್ಲ.

ಇಲ್ಲಿ ನಿಮಗೆ ಶನಿವಾರದ ವಿಷಯ ಹೇಳಬೇಕು. ಮದುವೆಯಾದಾಗಿನಿಂದ ಶನಿವಾರ ಬೆಳಿಗ್ಗೆ ನಮ್ಮೋರ ತಲೆ ನನ್ನದು. ಬಚ್ಚಲ ಮುಂದೆ ಮಣೆ ಹಾಕಿ ಕೂರಿಸಿ, ದಾಸವಾಳದ ಎಲೆ ಹಾಕಿ ಕಾಯಿಸಿದ ಹರಳೆಣ್ಣೆಯನ್ನು ನೆತ್ತಿಗೆ ಸುರಿದು ತಟ್ಟಿ ತಿಕ್ಕುತ್ತೇನೆ. ಈ ವಯಸ್ಸಿನಲ್ಲೂ ತಲೆ ತುಂಬ ಕೂದಲಿದೆ ಅಂದರೆ ಆ ಎಣ್ಣೆಯಿಂದಲೇ. ಆದರೆ ಎಣ್ಣೆ ಒಂದು ನೆಪ. ನಮ್ಮ ಮನೆಯ ಕಾರುಬಾರೆಲ್ಲ ಆ ಮಣೆಯ ಮೇಲೆ ಆಗುವುದು. ಬೇರೆ ಹೊತ್ತಿನಲ್ಲಿ ಏನು ಕೇಳಿದರೂ "ನೋಡಾನ" ಅಂತ ಟವೆಲ್ಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋಗಿಬಿಡುವ ಆಸಾಮಿ. ಮೈಯೆಲ್ಲ ಎಣ್ಣೆಯಾಗಿರುವಾಗ ಎಲ್ಲಿಗೆ ಹೋಗುತ್ತಾರೆ? ತಿಕ್ಕುತ್ತಾ ತಿಕ್ಕುತ್ತಾ ಕೇಳುತ್ತೇನೆ, "ಬಚ್ಚಲಿಗೆ ಹಂಚು ಹೊದಿಸಾಣ್ವೇನ್ರೀ?" ನಾನು ತಿಕ್ಕುವ ರಭಸಕ್ಕೆ ತಲೆ ಮೇಲೆ ಕೆಳಗೆ ಆಡುತ್ತದೆ. ಆಡಿತು ಅಂದರೆ ಒಪ್ಪಿದರು ಅಂತ. ಬಚ್ಚಲಿಗೆ ಹಂಚು ಬಂದದ್ದು ಹಾಗೆ, ಮಗಳನ್ನು ಆಲೂರಿಗೆ ಕೊಟ್ಟದ್ದು ಹಾಗೆ, ತೋಟದ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೂ ಹಾಗೆ. ಈ ಸಲ ಎರಡನೇ ಹಸು ಕೇಳಬೇಕು ಅಂತ ಎಣ್ಣೆ ಬಿಸಿ ಮಾಡಿಕೊಂಡು ಬಂದರೆ, ನಮ್ಮೋರು ಕನ್ನಡಿ ಮುಂದೆ ನಿಂತಿದ್ದಾರೆ! ಬಿಳಿ ಕೂದಲೆಲ್ಲ ಹಿಂದಕ್ಕೆ ಹೋಗಿ, ಈಗಷ್ಟೇ ಉತ್ತ ಗದ್ದೆಯ ಹಾಗೆ ಸಾಲು ಸಾಲಾಗಿ ಕೂತಿತ್ತು. "ಮುಟ್ಟಬ್ಯಾಡ ಕಣೆ, ಸೆಟ್ ಆಗೈತೆ" ಅಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಗಂಡ ನನಗೆ ಮುಟ್ಟಬೇಡ ಅಂದದ್ದು ಅದೇ ಮೊದಲು. ಬಟ್ಟಲಲ್ಲಿ ಎಣ್ಣೆ ಆರಿತು. ನನ್ನ ಹೊಟ್ಟೆ ಮಾತ್ರ ಕುದಿಯಿತು. ಆ ಕೂದಲನ್ನು ಇಷ್ಟು ವರ್ಷ ಸಾಕಿದವಳು ನಾನು. ಮೆರೆಸೋಕೆ ಈ ಡಬ್ಬಿ!

ಅವರು ತೋಟಕ್ಕೆ ಹೋದ ಮೇಲೆ ಡಬ್ಬಿಯನ್ನು ಅಡಿಗೆಮನೆಗೆ ತಂದು ವಿಚಾರಣೆಗೆ ಕೂತೆ. ನಾನು ಓದಿದ್ದು ಮೂರನೇ ಕ್ಲಾಸು, ಡಬ್ಬಿಯ ಮೇಲಿನ ಅಕ್ಷರ ನನಗೆ ತಿಳಿಯದು. ಆದರೆ ಪಾಕ ನೋಡೋಕೆ ಯಾವ ಓದು ಬೇಕು? ಚಿಟಿಕೆ ತೆಗೆದು ಎರಡು ಬೆರಳ ನಡುವೆ ಹಿಡಿದು ಬಿಟ್ಟೆ, ಒಂದೆಳೆ ಪಾಕದ ಹಾಗೆ ಎಳೆ ಬಂತು. ಚೆಂಬಿನ ನೀರಿಗೆ ಹಾಕಿ ಕದಡಿದೆ, ಕರಗಿಯೇ ಹೋಯಿತು. ಮೇಲೆ ಒಂದು ಕಣ್ಣು ಜಿಡ್ಡು ತೇಲಲಿಲ್ಲ. ವಾಸನೆಯಾದರೂ ಕೆಟ್ಟದಾಗಿರಲಿ ಅಂತ ಮೂಸಿದೆ. ಏಲಕ್ಕಿ ಗೋಣಿಯ ಬಾಯಿ ಬಿಚ್ಚಿದ ಹಾಗಿತ್ತು. ಒಂದು ಕುಂದಾದರೂ ಸಿಕ್ಕಿದ್ದರೆ ಆ ದಿನ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದೆ.

ಆ ವಾರವೇ ವನಗೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ ಬಂತು. ಚೇತನನ ಜೀಪಿನಲ್ಲಿ ಹೋದೆವು. ಆ ದಾರಿಯ ಗಾಳಿಗೆ ಯಾವ ಡಬ್ಬಿ ನಿಲ್ಲುತ್ತದೋ ನೋಡೇಬಿಡೋಣ ಅಂತ ನಾನೇ "ಟಾರ್ಪಾಲು ತೆಗಿಯೋ, ಸೆಕೆ" ಅಂದೆ. ಆವತ್ತು ಮೋಡ ಕವಿದು ಮೈ ನಡುಗುವಷ್ಟು ಚಳಿ. ಚೇತನ ನನ್ನ ಮುಖ ನೋಡಿದ, ತೆಗೆದ. ನನ್ನ ಸೆರಗು ಹಾರಿತು, ತುರುಬು ಬಿಚ್ಚಿತು, ಮುಡಿದಿದ್ದ ಹೂವು ಯಾವ ಎಸ್ಟೇಟಿಗೆ ಬಿತ್ತೋ ದೇವರೇ ಬಲ್ಲ. ನಮ್ಮೋರ ತಲೆಯಲ್ಲಿ ಒಂದೆಳೆ ಕದಲಲಿಲ್ಲ. ಇಷ್ಟಾದರೂ ತಡೆದುಕೊಂಡಿದ್ದೆ. ಅಲ್ಲಿ ಬಾಗಿಲಲ್ಲೇ ಸಿಕ್ಕಿದ ನಮ್ಮೂರ ಜಯಕ್ಕ ಬಾಯಿ ಬಿಟ್ಟು, "ಅಯ್ಯೋ ಗೌಡ್ರೇ, ಗುರ್ತೇ ಸಿಗ್ಲಿಲ್ಲ ಕಣ್ರೀ! ಮದುವೆ ಗಂಡಿನಂಗೆ ಆಗಿದೀರಲ್ಲ!" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕಕ್ಕಾ, ದೆವ್ವ ಬಡ್ಕಂಡೋಳಂಗೆ ಇದೀಯಾ?" ನಮ್ಮೋರು ಕೆಮ್ಮಿದರು. ಆ ಕೆಮ್ಮಿನಲ್ಲಿ ಎಷ್ಟು ಸಂತೋಷವಿತ್ತು ಅನ್ನುವುದು ನನಗೊಬ್ಬಳಿಗೇ ಗೊತ್ತು. ಹೋಳಿಗೆ ಊಟ ನನಗೆ ಬೇವಿನ ಸೊಪ್ಪಾಯಿತು.

ದೇವರಿದ್ದಾನೆ. ಮನೆಗೆ ಬರುವಾಗ ಅವರ ಹಿಂದೆ ಕೂತವಳು ನೋಡಿದೆ: ಹಿಂದಲೆಯ ಸುಳಿಯಲ್ಲಿ ಒಂದು ಹಿಡಿ ಕೂದಲು ಹುಂಜದ ಬಾಲದ ಹಾಗೆ ಸೆಟೆದು ನಿಂತಿತ್ತು. ಮುಂದಿನದು ಕನ್ನಡಿಗೆ ಕಾಣುತ್ತದೆ, ಹಿಂದಿನದು ಹೆಂಡತಿಗೆ ತಾನೇ ಕಾಣುವುದು? ಬಾಯಿ ಬಿಡಲಿಲ್ಲ. ಮಾರನೇ ದಿನವೂ ಅವರು ಆ ಬಾಲ ಹೊತ್ತು ಬಾಳ್ಳುಪೇಟೆಯೆಲ್ಲ ತಿರುಗಿ ಬಂದರು. ನಾನು ಸಲೀಸಾಗಿ ನಿದ್ದೆ ಮಾಡಿದೆ. ಕೊನೆಗೆ ಚೇತನನೇ ನಕ್ಕು, "ತಾತ, ಹಿಂದುಗಡೆ ಕೋಳಿ ಕೂಗಂಗೈತೆ!" ಅಂದುಬಿಟ್ಟ.

ಶನಿವಾರ ಬೆಳಿಗ್ಗೆ ನಮ್ಮೋರು ಡಬ್ಬಿ ಹಿಡಿದು ನನ್ನ ಮುಂದೆ ನಿಂತರು. "ಹಿಂದ್ಗಡೆ ಒಸಿ ಹಚ್ಚು ಬಾ. ನಂಗೆ ಕೈ ಎಟುಕಲ್ಲ." ಮಣೆ ಹಾಕಿದೆ. ನನ್ನ ತಲೆ ನನಗೆ ವಾಪಸು ಬಂತಲ್ಲ ಅಂತ ಹಿಗ್ಗಿ, ಸವತಿಯಂಥ ಆ ಡಬ್ಬಿಗೆ ಬೆರಳು ಹಾಕಿ ಹಚ್ಚುತ್ತಾ ಕೇಳಿದೆ, "ಎರಡನೇ ಹಸು ತರಾಣ್ವೇನ್ರೀ?" ತಲೆ ಆಡಲಿಲ್ಲ. ಸೆಟ್ ಆದದ್ದು ಕೆಡುತ್ತದೆ ಅಂತ ಕತ್ತನ್ನು ಗೂಟದ ಹಾಗೆ ಹಿಡಿದು ಕೂತಿದ್ದರು. ನಾನು ಒತ್ತಿದೆ, ಜಗ್ಗಿದೆ. ಊಹೂಂ.

"ಹಸು ಬ್ಯಾಡ" ಅಂದರು.

"ಇಷ್ಟು ದಿನ ಕೇಳಿದ್ದಕ್ಕೆಲ್ಲ ಒಪ್ಕಂತಿದ್ರಲ್ಲ?"

"ನಾನೆಲ್ಲೇ ಒಪ್ಕಂಡೆ? ಬಾಯಿ ತೆಗುದ್ರೆ ಎಣ್ಣೆ ಬಾಯಿಗೆ ಇಳೀತಿತ್ತು. ತಲೆ ಆಡಿಸ್ತಿದ್ದೋಳು ನೀನು. ಮಗಳ ಮದ್ವೆಗೆ ಮಾತ್ರ ನಾನೇ ಆಡಿಸಿದ್ದೆ."

ಹಾಗಾದರೆ ಇಷ್ಟು ವರ್ಷ ಗೊತ್ತಿದ್ದೂ ಸುಮ್ಮನಿದ್ದರು. ಅದನ್ನು ಪ್ರೀತಿ ಅಂತಲೂ ಅನ್ನಬಹುದು, ಸೋಮಾರಿತನ ಅಂತಲೂ ಅನ್ನಬಹುದು. ಯೋಚಿಸುತ್ತಾ ಕೂರುವ ಹೊತ್ತಲ್ಲ ಅದು. ಹಂಡೆಯಿಂದ ಒಂದು ಚೆಂಬು ನೀರು ಮೊಗೆದು ಅವರ ನೆತ್ತಿಗೆ ಹುಯ್ದೇಬಿಟ್ಟೆ. ಮೊಮ್ಮಗ ಹೇಳಿದ್ದು ಸುಳ್ಳಲ್ಲ, ಸೀಗೆಪುಡಿಯ ಹಂಗಿಲ್ಲದೆ ಬಿಟ್ಟುಹೋಯಿತು. ಡಬ್ಬಿಯಲ್ಲಿ ನನಗೆ ಮೆಚ್ಚುಗೆಯಾದ ಗುಣ ಅದೊಂದೇ. "ಏ, ಏ, ಹುಚ್ಚು ಮುಂಡೇದೆ!" ಅಂತ ಅವರು ಏಳುವುದರೊಳಗೆ ಎಣ್ಣೆ ಸುರಿದು ಎರಡೂ ಕೈಯಲ್ಲಿ ತಲೆ ಹಿಡಿದೆ. "ಈಗ ಹೇಳಿ, ಹಸು?"

ತಲೆ ಆಡಿತು. ನಾನು ಮೇಲೆ ಕೆಳಗೆ ತಿಕ್ಕುತ್ತಿದ್ದೆ, ಅದು ಅಡ್ಡಡ್ಡ ಆಡಿತು.

ಆವತ್ತಿನ ಗಡಿಬಿಡಿಯಲ್ಲಿ ಮೊದಲು ಬೆರಳಿಗೆ ಅಂಟಿದ್ದ ಆ ಡಬ್ಬಿಯ ಲೇಪವನ್ನು ಎಲ್ಲಿ ಒರೆಸಲಿ ಅಂತ ನನ್ನ ಮುಂಗೂದಲಿಗೇ ಒರೆಸಿಕೊಂಡಿದ್ದೆ. ಸಂಜೆ ಹಾಲು ಕರೆದು ಎದ್ದು ಕನ್ನಡಿ ನೋಡಿದರೆ, ಎಂದೂ ಮಾತು ಕೇಳದ ಆ ನಾಲ್ಕೆಳೆ ಬಿಳಿಗೂದಲು ಹೇಳಿದ ಕಡೆ ಕೂತಿತ್ತು. ಹಾಳಾದ್ದು, ಚೆನ್ನಾಗಿಯೇ ಕಾಣುತ್ತಿತ್ತು. ಮುಂದಿನ ವಾರ ಜಯಕ್ಕನ ಮನೆಯಲ್ಲಿ ಅರಿಶಿನ ಕುಂಕುಮ. ಡಬ್ಬಿ ಎಲ್ಲಿ ಹೋಯಿತು ಅಂತ ನಮ್ಮೋರು ಮನೆಯೆಲ್ಲ ಹುಡುಕುತ್ತಿದ್ದಾರೆ. ಹಸು ಬರುವ ತನಕ ಹುಡುಕಲಿ.